ಒಂದು ಸೆಮಿಸ್ಟರ್ ಜರ್ಮನಿಗೆ ಹೋಗುತ್ತಿದ್ದೇನೆ, ಏನೇನು ತಯಾರಿ ಮಾಡಿಕೊಳ್ಳಬೇಕು?

ಸುರಪುರ ಕಡೆಯವರು, ಕಲಬುರಗಿಯಲ್ಲಿ ಇಂಜಿನಿಯರಿಂಗ್ ಮೂರನೇ ವರ್ಷ, ಅಕ್ಟೋಬರ್‌ನಿಂದ ಒಂದು ಸೆಮಿಸ್ಟರ್ ಎಕ್ಸ್‌ಚೇಂಜ್ ಮೇಲೆ ಜರ್ಮನಿಗೆ ಹೊರಟಿದ್ದೀರಿ, ಮನೆಯಲ್ಲಿ ಇದುವರೆಗೆ ಯಾರೂ ವಿಮಾನ ಹತ್ತಿಲ್ಲ. ಏನೇನು ಖರೀದಿ ಮಾಡಬೇಕು ಅಂತ ಕೇಳಿದ್ದೀರಿ. ನಾನೂ ಕಲಬುರಗಿಯಿಂದ ಹಾಗೇ ಹೋಗಿ ಬಂದವನು. ಖರೀದಿ ಕೊನೆಯ ಎರಡು ವಾರದ ಕೆಲಸ, ಅದಕ್ಕೆ ಈಗಲೇ ತಲೆ ಕೆಡಿಸಿಕೊಳ್ಳಬೇಡಿ. ನನ್ನನ್ನು ನಿಜಕ್ಕೂ ಸತಾಯಿಸಿದ್ದು ನನ್ನದೇ ಹೆಸರು.

ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನನ್ನ ಹೆಸರಿನ ಜೊತೆ ಒಂದೇ ಒಂದು ಇನಿಷಿಯಲ್. ಆಧಾರ್‌ನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಎರಡೂ ಪೂರ್ತಿ. ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರಿನ ಇಂಗ್ಲಿಷ್ ಸ್ಪೆಲ್ಲಿಂಗ್‌ನಲ್ಲಿ ಒಂದು ಅಕ್ಷರವೇ ಮಾಯ. ಊರಲ್ಲಿ ಇದನ್ನೆಲ್ಲ ಯಾರೂ ನೋಡುವುದಿಲ್ಲ, ಅಲ್ವಾ? ಪಾಸ್‌ಪೋರ್ಟಿನವರು ನೋಡುತ್ತಾರೆ. ಅಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಅಂಕಪಟ್ಟಿ ತಿದ್ದಿಸುವುದು ದೊಡ್ಡ ತಲೆನೋವು. ಅದಕ್ಕೇ ಅಂಕಪಟ್ಟಿಯನ್ನು ಮುಟ್ಟದೆ, ಉಳಿದ ಕಾಗದಗಳಲ್ಲಿ ಆ ಇನಿಷಿಯಲ್ ಒಂದೇ ರೀತಿ ಬಿಡಿಸಿ, ಹೆಸರು ಅದಕ್ಕೆ ಹೊಂದುವ ಹಾಗೆ ಮಾಡಿ. ಮೊದಲು ಆಧಾರ್, ಆಮೇಲೆ ಪ್ಯಾನ್, ಕೊನೆಗೆ ಪಾಸ್‌ಪೋರ್ಟ್. ನಾನು ಈ ಸರದಿ ಗೊತ್ತಿಲ್ಲದೆ ಪಾಸ್‌ಪೋರ್ಟ್‌ಗೆ ಮೊದಲು ಹೋಗಿ, ವಾಪಸ್ ಬಂದು, ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ, ಮತ್ತೆ ಹೋದೆ. ಸರ್‌ನೇಮ್ ಕಾಲಂ ಖಾಲಿ ಬಿಡಬೇಡಿ. ಮುಂದೆ ವಿಮಾನದ ಟಿಕೆಟ್‌ನಿಂದ ಹಿಡಿದು ಹಾಸ್ಟೆಲ್ ಅರ್ಜಿವರೆಗೆ ಎಲ್ಲರೂ ಅದನ್ನೇ ಕೇಳುತ್ತಾರೆ.

ನಿಮ್ಮ ಕಡೆಯವರಿಗೆ ಇನ್ನೊಂದು ತೊಡಕು ಇದೆ. ಸುರಪುರ ಈಗ ಇರುವುದು ಯಾದಗಿರಿ ಜಿಲ್ಲೆಯಲ್ಲಿ, ಆ ಜಿಲ್ಲೆ ಆಗಿದ್ದು 2009ರ ಕೊನೆಗೆ. ನೀವು ಹುಟ್ಟಿದಾಗ ಸುರಪುರ ಇದ್ದದ್ದು ಗುಲ್ಬರ್ಗಾ ಜಿಲ್ಲೆಯಲ್ಲಿ. ಆ ಗುಲ್ಬರ್ಗಾ 2014ರ ನವೆಂಬರ್ 1ರಂದು ಕಲಬುರಗಿ ಆಯಿತು. ಹಾಗಾಗಿ ಜನನ ಪ್ರಮಾಣಪತ್ರ ಒಂದು ಜಿಲ್ಲೆ ಹೇಳುತ್ತದೆ, ಆಧಾರ್ ಇನ್ನೊಂದು, ಕಾಲೇಜಿನ ಕಾಗದ ಮೂರನೆಯದು. ಮೂರೂ ನಿಜವೇ, ಆದರೆ ಜರ್ಮನಿಯ ಕ್ಲರ್ಕ್‌ಗೆ ಈ ಇತಿಹಾಸ ಯಾಕೆ ಬೇಕು? ಪಾಸ್‌ಪೋರ್ಟಿನಲ್ಲಿ ಹೇಗೆ ಬಂತೋ, ಮುಂದೆ ಪ್ರತಿ ಫಾರ್ಮಿನಲ್ಲೂ ಅಕ್ಷರ ಬಿಡದೆ ಹಾಗೇ ಬರೆಯಿರಿ. ಪಾಸ್‌ಪೋರ್ಟ್ ಕೇಂದ್ರ ಕಲಬುರಗಿಯಲ್ಲೇ ಇದೆ. 36 ಪುಟದ್ದಕ್ಕೆ 1,500 ರೂಪಾಯಿ, ತತ್ಕಾಲ್ ಆದರೆ ಇನ್ನೂ 2,000. ಪೊಲೀಸ್ ವೆರಿಫಿಕೇಶನ್ ನೀವು ಬರೆದ ವಿಳಾಸಕ್ಕೆ ಬರುತ್ತದೆ. ಊರಿನ ವಿಳಾಸ ಕೊಟ್ಟು ನೀವು ಇಲ್ಲಿ ರೂಮಿನಲ್ಲಿ ಕುಳಿತರೆ ಕೆಲಸ ಕೆಟ್ಟಿತು.

ಈಗ ದುಡ್ಡಿನ ಮಾತು. ಜರ್ಮನಿಯ ವಿದ್ಯಾರ್ಥಿ ವೀಸಾಗೆ ಖರ್ಚಿನ ಹಣ ಇದೆ ಅಂತ ತೋರಿಸಬೇಕು. ಸ್ಕಾಲರ್‌ಶಿಪ್ ಪತ್ರ ಇದ್ದರೆ ಅದು ನಡೆಯುತ್ತದೆ. ಇಲ್ಲದಿದ್ದರೆ ಬ್ಲಾಕ್ಡ್ ಅಕೌಂಟ್ ಅಂತ ಒಂದು ಖಾತೆ ತೆರೆದು, 2024ರ ಸೆಪ್ಟೆಂಬರ್‌ನಿಂದ ಇರುವ ಲೆಕ್ಕದಲ್ಲಿ ತಿಂಗಳಿಗೆ 992 ಯುರೋದಂತೆ ಇಡಬೇಕು. ಐದು ತಿಂಗಳಿಗೆ 4,960 ಯುರೋ. ಯುರೋಗೆ ನೂರು ರೂಪಾಯಿ ಹಿಡಿದರೆ ಐದು ಲಕ್ಷದ ಹತ್ತಿರ. ಇದು ಫೀಸ್ ಅಲ್ಲ. ನಿಮ್ಮದೇ ದುಡ್ಡು, ಅಲ್ಲಿಗೆ ಹೋದಮೇಲೆ ತಿಂಗಳು ತಿಂಗಳು ನಿಮ್ಮ ಕೈಗೇ ಬರುತ್ತದೆ. ನನ್ನ ಅಪ್ಪನಿಗೆ ಇದನ್ನು ಒಪ್ಪಿಸಲು ನನಗೆ ಎರಡು ದಿನ ಹಿಡಿಯಿತು.

ಆದರೆ ಇದನ್ನು ಕಟ್ಟಬೇಕಾದದ್ದು ಯಾವಾಗ ನೋಡಿ: ಜೂನ್, ಜುಲೈ. ಒಕ್ಕಲುತನದ ಮನೆಯಲ್ಲಿ ಆಗ ಬೀಜ, ಗೊಬ್ಬರಕ್ಕೇ ಕೈ ಬಿಗಿ. ತೊಗರಿ ಮಾರಿದ ದುಡ್ಡು ಬರುವುದು ಜನವರಿ, ಫೆಬ್ರವರಿಗೆ. ನಾವು ಅದನ್ನು ಆಗಲೇ ಎತ್ತಿಡದೆ, ಜೂನ್‌ನಲ್ಲಿ ಕಾಕಾನ ಹತ್ತಿರ ಕೈಗಡ ಕೇಳಿದೆವು. ನಿಮ್ಮ ಮನೆಯದೂ ಬೇಸಾಯವಾಗಿದ್ದರೆ ಇವತ್ತೇ ಅಪ್ಪನ ಜೊತೆ ಕೂತು ಮಾತಾಡಿ. ಸಾಲ ಬೇಕೇ ಬೇಕು ಅಂದರೆ ಬ್ಯಾಂಕಿಗೂ ಈಗಲೇ ಅಲೆಯಬೇಕು, ಬಿತ್ತನೆ ಹೊತ್ತಿಗಲ್ಲ.

ಬ್ಲಾಕ್ಡ್ ಅಕೌಂಟಿನ ಹಣ ನೀವು ಇಳಿದ ದಿನವೇ ಸಿಗುವುದಿಲ್ಲ. ವಿಳಾಸ ನೋಂದಣಿ, ಬ್ಯಾಂಕ್ ಖಾತೆ ಅಂತ ನನಗೆ ಮೂರು ವಾರ ಹೋಯಿತು. ಅಷ್ಟರಲ್ಲಿ ಬಾಡಿಗೆ, ಡಿಪಾಸಿಟ್ ಎರಡೂ ಕೊಡಬೇಕು. ಹೀಗಾಗಿ ಒಂದೂವರೆ ತಿಂಗಳ ಖರ್ಚು ಫಾರೆಕ್ಸ್ ಕಾರ್ಡಿನಲ್ಲಿ (ಮೊದಲೇ ಯುರೋ ತುಂಬಿಸಿಕೊಳ್ಳುವ ಕಾರ್ಡು) ಬೇರೆಯೇ ಇರಲಿ, ಇನ್ನೂರು ಮುನ್ನೂರು ಯುರೋ ಕೈಯಲ್ಲಿರಲಿ.

ವೀಸಾ ಅರ್ಜಿ ಕರ್ನಾಟಕದವರದ್ದು ಬೆಂಗಳೂರಿಗೆ. ಬೀದರ್‌ನ ಗೆಳೆಯನೊಬ್ಬ ಹೈದರಾಬಾದ್ ಹತ್ತಿರ ಅಲ್ವಾ ಅಂತ ಅಲ್ಲಿನ ಸೆಂಟರ್ ಹುಡುಕುತ್ತಾ ಕೂತಿದ್ದ. ವಿಮಾನ ಹೈದರಾಬಾದಿನಿಂದ ಹತ್ತಿ, ಅದು ನಮಗೆ ಸರಿ. ವೀಸಾಗೆ ಮಾತ್ರ ಬೆಂಗಳೂರು. ಅರ್ಜಿ ಕೊಡುವ ದಿನದ ಸ್ಲಾಟ್ ಸುಲಭಕ್ಕೆ ಸಿಗುವುದಿಲ್ಲ, ಅಡ್ಮಿಶನ್ ಪತ್ರ ಬಂದ ದಿನವೇ ನೋಡಿ. ಫೀಸ್ 75 ಯುರೋ, ರೂಪಾಯಿಯಲ್ಲಿ ಕಟ್ಟುವುದು.

ಇನ್ನು ಯಾರೂ ಹೇಳದ ವಿಷಯ. ಅಲ್ಲಿ ಓದಿದ ಪೇಪರ್‌ಗಳು ಇಲ್ಲಿ ಲೆಕ್ಕಕ್ಕೆ ಬರಬೇಕು, ಅಲ್ವಾ? ಅಲ್ಲಿ ಒಂದು ಸೆಮಿಸ್ಟರ್ ಅಂದರೆ ಸಾಮಾನ್ಯವಾಗಿ 30 ಕ್ರೆಡಿಟ್, ಯುರೋಪಿನ ಲೆಕ್ಕದಲ್ಲಿ. ಅದು ನಮ್ಮ ಕ್ರೆಡಿಟ್‌ಗೆ ಒಂದಕ್ಕೊಂದು ಹೊಂದುವುದಿಲ್ಲ. ಯಾವ ಪೇಪರಿಗೆ ಬದಲು ಯಾವ ಪೇಪರ್ ಅಂತ ಹೋಗುವ ಮೊದಲೇ ವಿಭಾಗದ ಮುಖ್ಯಸ್ಥರ ಸಹಿ, ಸೀಲ್ ಹಾಕಿಸಿಕೊಳ್ಳಿ. ನಾನು ಹಾಕಿಸಿಕೊಂಡಿದ್ದೆ. ಆದರೆ ಅಲ್ಲಿಗೆ ಹೋದಮೇಲೆ ಒಂದು ಪೇಪರ್ ಆ ಸೆಮಿಸ್ಟರ್‌ನಲ್ಲಿ ಇಲ್ಲವೇ ಇಲ್ಲ ಅಂದರು. ಬೇರೆ ತೆಗೆದುಕೊಂಡೆ, ಸರ್‌ಗೆ ಫೋನ್ ಮಾಡಿದೆ, "ಆಯ್ತು, ತಗೋ" ಅಂದರು. ವಾಪಸ್ ಬಂದಾಗ ಆ ಫೋನ್ ಮಾತಿಗೆ ಬೆಲೆ ಇರಲಿಲ್ಲ. ಆ ಒಂದು ಪೇಪರ್ ಇಲ್ಲಿ ಮತ್ತೆ ಬರೆದೆ. ಬದಲಾವಣೆ ಆದರೆ ಈಮೇಲ್‌ನಲ್ಲೇ ಕೇಳಿ, ಈಮೇಲ್‌ನಲ್ಲೇ ಉತ್ತರ ಬರುವವರೆಗೆ ಬಿಡಬೇಡಿ.

ಫೋನ್ ವಿಷಯ ಸಣ್ಣದು, ಆದರೆ ಮರೆತರೆ ಕಷ್ಟ. ನಿಮ್ಮ ಬ್ಯಾಂಕಿನ ಒ.ಟಿ.ಪಿ. ಬರುವುದು ಇಲ್ಲಿನ ಸಿಮ್‌ಗೆ. ಹೊರಡುವ ಮೊದಲೇ ಇಂಟರ್‌ನ್ಯಾಷನಲ್ ರೋಮಿಂಗ್ ಆನ್ ಮಾಡಿಸಿ, ಆ ಸಿಮ್ ಫೋನಿನಲ್ಲೇ ಇರಲಿ, ರೀಚಾರ್ಜ್ ಮಾಡುವ ಜವಾಬ್ದಾರಿ ತಮ್ಮನಿಗೋ ತಂಗಿಗೋ ಕೊಡಿ. ಡೆಬಿಟ್ ಕಾರ್ಡಿನಲ್ಲೂ ವಿದೇಶಿ ವ್ಯವಹಾರ ಆನ್ ಇರಬೇಕು. ಅವ್ವನಿಗೆ ವಿಡಿಯೋ ಕಾಲ್ ಕಲಿಸುವಾಗ ಗಡಿಯಾರವನ್ನೂ ಕಲಿಸಿ. ಇಲ್ಲಿ ಬೆಳಗಿನ ಆರು ಅಂದರೆ ಚಳಿಗಾಲದಲ್ಲಿ ಅಲ್ಲಿ ನಡುರಾತ್ರಿ ಒಂದೂವರೆ. ನಮ್ಮವ್ವ ರೊಟ್ಟಿ ಬಡಿಯುವ ಮೊದಲು ಫೋನ್ ಮಾಡುತ್ತಿದ್ದಳು.

ಬಟ್ಟೆಗೆ ಇಲ್ಲಿನ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ದುಡ್ಡು ಸುರಿಯಬೇಡಿ. ನಮ್ಮ ಕಲಬುರಗಿ ಸ್ವೆಟರ್ ಅಲ್ಲಿನ ಜನವರಿಗೆ ಯಾವ ಲೆಕ್ಕ? ಒಳಗೆ ಹಾಕುವ ಥರ್ಮಲ್ ಎರಡು ಜೊತೆ ಒಯ್ಯಿರಿ, ಜಾಕೆಟ್ ಅಲ್ಲೇ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ತೆಗೆದುಕೊಳ್ಳಿ. ಕನ್ನಡಕ ಇದ್ದರೆ ಇನ್ನೊಂದು ಜೊತೆ ಇರಲಿ. ಹಲ್ಲು ನೋವಿದ್ದರೆ ಇಲ್ಲೇ ತೋರಿಸಿಕೊಂಡು ಹೋಗಿ. ಆಂಟಿಬಯೋಟಿಕ್ ಅಲ್ಲಿ ಡಾಕ್ಟರ್ ಚೀಟಿ ಇಲ್ಲದೆ ಕೊಡುವುದಿಲ್ಲ, ಒಯ್ಯುವ ಮಾತ್ರೆಗಳಿಗೂ ಚೀಟಿ ಜೊತೆಗಿರಲಿ. ಪವರ್ ಬ್ಯಾಂಕ್ ಕೈಚೀಲದಲ್ಲಿ, ಖಾರಪುಡಿ ಮತ್ತು ಉಪ್ಪಿನಕಾಯಿ ದೊಡ್ಡ ಬ್ಯಾಗಿನಲ್ಲಿ. ಇದನ್ನು ಅದಲು ಬದಲು ಮಾಡಿದರೆ ಏರ್‌ಪೋರ್ಟ್‌ನಲ್ಲಿ ಬಿಚ್ಚಿಸುತ್ತಾರೆ.

ತಿನ್ನುವುದರಲ್ಲಿ ಹಾಲು, ಮಾಂಸದ್ದು ಏನೂ ಬೇಡ, ಯುರೋಪಿನೊಳಗೆ ಬಿಡುವುದಿಲ್ಲ. ಅಂದರೆ ತುಪ್ಪ, ಪೇಡೆ ಎಲ್ಲ ಮನೆಯಲ್ಲೇ ಬಿಡಿ. ಅಜ್ಜಿ ಬೇಜಾರಾಗುತ್ತಾಳೆ, ಆಗಲಿ. ಶೇಂಗಾ ಹಿಂಡಿ, ಅಗಸಿ ಹಿಂಡಿ (ಚಟ್ನಿಪುಡಿ), ಖಡಕ್ ರೊಟ್ಟಿ ಧಾರಾಳವಾಗಿ ಒಯ್ಯಬಹುದು. ರೊಟ್ಟಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟರೆ ಪುಡಿ ಪುಡಿ. ತೊಗರಿ ಬೇಳೆ ಅಲ್ಲಿನ ಇಂಡಿಯನ್ ಅಂಗಡಿಯಲ್ಲೂ ಸಿಗುತ್ತದೆ, ಆದರೆ ನಮ್ಮ ಬೇಳೆಯ ರುಚಿ ಇರಲಿಲ್ಲ. ಇದು ನನ್ನ ನಾಲಿಗೆಯ ಮಾತು, ಬಿಡಿ.

ಅಲ್ಲಿ ಮನೆ ಸೇರಿದ ಎರಡು ವಾರದೊಳಗೆ ವಿಳಾಸ ನೋಂದಣಿ ಮಾಡಿಸಬೇಕು, ಮನೆ ಕೊಟ್ಟವರ ಸಹಿಯ ಕಾಗದ ಬೇಕಾಗುತ್ತದೆ. ಇಳಿದ ವಾರವೇ ಅದನ್ನು ಕೇಳಿ ಇಟ್ಟುಕೊಳ್ಳಿ.

ಮತ್ತೆ ಟಿಕೆಟ್ ಬುಕ್ ಮಾಡುವಾಗ ಇಳಿಯುವ ದಿನ ಯಾವ ವಾರ ಅಂತ ನೋಡಿ. ನಾನು ಅಗ್ಗದ ಟಿಕೆಟ್ ಅಂತ ಶನಿವಾರ ರಾತ್ರಿ ಇಳಿದೆ. ಭಾನುವಾರ ಜರ್ಮನಿಯಲ್ಲಿ ಅಂಗಡಿ ಮುಚ್ಚಿರುತ್ತವೆ, ಹಾಸ್ಟೆಲ್ ಆಫೀಸಿನಲ್ಲೂ ಯಾರೂ ಇಲ್ಲ. ಸೀನಿಯರ್ ಒಬ್ಬರ ರೂಮಿನ ನೆಲದ ಮೇಲೆ ಮಲಗಿ, ಸೋಮವಾರ ಬೆಳಗ್ಗೆವರೆಗೆ ಅವ್ವ ಕಟ್ಟಿದ ರೊಟ್ಟಿ, ಹಿಂಡಿ, ನಲ್ಲಿ ನೀರು. ನೀವು ಮಂಗಳವಾರವೋ ಬುಧವಾರವೋ ಹಗಲಲ್ಲಿ ಇಳಿಯುವ ಹಾಗೆ ನೋಡಿಕೊಳ್ಳಿ.