62ನೇ ಪುಟದಲ್ಲಿ ನಿಂತವರಿಗೆ

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಧಾರವಾಡದಿಂದ ಬಂದ ಪತ್ರ ಎಂದಷ್ಟೇ ಹೇಳಿ, ಉಳಿದ ಓದುಗರಿಗಾಗಿ ಅದರ ತಿರುಳನ್ನು ಮೊದಲು ಕೊಡುತ್ತೇನೆ.

ನೀವು ಬ್ಯಾಂಕಿನಲ್ಲಿ ಕೆಲಸ ಮಾಡುತ್ತೀರಿ. ಎಂಟನೇ ಕ್ಲಾಸಿನ ಮಗಳು, ಮೂರನೇ ಕ್ಲಾಸಿನ ಮಗ, ಮೊಣಕಾಲಿನ ಆಪರೇಷನ್ ಆಗಿರುವ ಅತ್ತೆ, ಒಳ್ಳೆಯ ಗಂಡ. ಮದುವೆಗೆ ಮುಂಚೆ ವಾರಕ್ಕೆ ಎರಡು ಕಾದಂಬರಿ ಮುಗಿಸುತ್ತಿದ್ದವರು ಈಗ ನಾಲ್ಕು ತಿಂಗಳಿಂದ ಒಂದೇ ಪುಸ್ತಕದ 62ನೇ ಪುಟದಲ್ಲಿ ನಿಂತಿದ್ದೀರಿ. ಹುಟ್ಟುಹಬ್ಬಕ್ಕೆ ಯಜಮಾನರು ಐದು ಪುಸ್ತಕ ತಂದುಕೊಟ್ಟರು. ನಾಲ್ಕರ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ಹರಿದೇ ಇಲ್ಲ. ಪುಸ್ತಕ ಹಿಡಿದು ಕೂತರೆ ಅತ್ತೆಯವರು "ಹಂಗ ಕುಂತೀಯಲ್ಲವಾ, ಒಂದೀಟು ಚಾ ಮಾಡು" ಅನ್ನುತ್ತಾರೆ. ಅವರು ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ ಎಂದೂ ನೀವೇ ಬರೆದಿದ್ದೀರಿ. ನಮ್ಮ ಪತ್ರಿಕೆಯಲ್ಲಿ ಬಂದ 'ಬೆಳಿಗ್ಗೆ ಐದಕ್ಕೆ ಎದ್ದು ಓದಿ' ಎಂಬ ಸಲಹೆ ನೋಡಿ ನಿಮಗೆ ಅಳು ಬಂತಂತೆ. ಕೊನೆಗೆ ಎರಡು ಪ್ರಶ್ನೆ: ನನಗಾಗಿ ಒಂದು ತಾಸು ಬೇಕು ಅನ್ನುವುದು ಸ್ವಾರ್ಥವೇ? ನನ್ನನ್ನು ನಾನು ಇನ್ನೂ ಓದುಗಾರ್ತಿ ಎಂದುಕೊಳ್ಳಬಹುದೇ?

ಮೊದಲು ಆ ಐದು ಗಂಟೆಯ ವಿಷಯ. ರಾತ್ರಿ ಹನ್ನೊಂದಕ್ಕೆ ಕೊನೆಯ ಪಾತ್ರೆ ಕವುಚಿಟ್ಟು ಮಲಗುವವರಿಗೆ ಐದಕ್ಕೆ ಏಳಿ ಎಂದರೆ ನಿದ್ದೆಗೇ ಕತ್ತರಿ ಹಾಕಿದಂತೆ. ಅದನ್ನು ಅಚ್ಚಿಗೆ ಕಳಿಸಿದವನು ನಾನು, ತಪ್ಪು ನನ್ನದು. ಕ್ಷಮಿಸಿ. ನಿಮ್ಮ ನಿದ್ದೆಯಿಂದ ಒಂದು ನಿಮಿಷವನ್ನೂ ಓದಿಗೆ ಕೊಡಬೇಡಿ.

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಸಮಯ ಸಾಲದು ಎಂಬ ಮಾತು ಅದರ ತುಂಬ ಇದೆ. ಆದರೆ ನನ್ನ ಮನಸ್ಸು ನಿಂತದ್ದು 'ಹಂಗ ಕುಂತೀಯಲ್ಲವಾ' ಎಂಬಲ್ಲಿ. ನಮ್ಮ ಮನೆಗಳಲ್ಲಿ ಪೂಜೆಗೆ ಕೂತವರನ್ನು ಯಾರೂ ಕೂಗುವುದಿಲ್ಲ. ಫೋನಿನಲ್ಲಿ ಮಾತಾಡುತ್ತಿರುವವರ ಎದುರು ಬಂದು ನಿಂತು, ಮಾತು ಮುಗಿಯಲಿ ಎಂದು ಕಾಯುತ್ತಾರೆ. ಮಗಳು ಪರೀಕ್ಷೆಗೆ ಓದುತ್ತಿದ್ದರೆ ಟಿವಿಯ ಸದ್ದು ಇಳಿಯುತ್ತದೆ. ಕಾದಂಬರಿ ಹಿಡಿದ ಹೆಂಗಸನ್ನು ಮಾತ್ರ ಯಾರು ಬೇಕಾದರೂ ಯಾವಾಗ ಬೇಕಾದರೂ ಕರೆಯಬಹುದು. ಮನೆಯ ಲೆಕ್ಕದಲ್ಲಿ ಆಕೆಯ ಕೈ ಖಾಲಿ ಇದೆ. ನಿಮಗೆ ಸಮಯ ಕಡಿಮೆ ಇರುವುದು ನಿಜ. ಆದರೆ ಇರುವ ಸ್ವಲ್ಪ ಹೊತ್ತೂ ಓದಿಗೆ ದಕ್ಕದೆ ಇರುವುದು ಇದರಿಂದ ಎಂದು ನನಗೆ ಅನಿಸುತ್ತದೆ. ಇನ್ನೂ ದುಃಖದ ಸಂಗತಿಯೆಂದರೆ ಈ ಲೆಕ್ಕವನ್ನು ನೀವೂ ಒಪ್ಪಿಕೊಂಡಿದ್ದೀರಿ. 'ಯಾರಾದರೂ ಬಂದರೆ ಪುಸ್ತಕವನ್ನು ಹಿಟ್ಟಿನ ಡಬ್ಬಿಯ ಹಿಂದೆ ಸರಿಸುತ್ತೇನೆ' ಎಂಬ ನಿಮ್ಮ ಸಾಲು ಓದಿ ನನಗೆ ತುಂಬ ನೋವಾಯಿತು. ಕದ್ದು ಓದುವವರ ಒಂದು ಕಿವಿ ಯಾವಾಗಲೂ ಬಾಗಿಲ ಕಡೆಗಿರುತ್ತದೆ. ಹಾಗೆ ಓದಿದ ಪುಟ ತಲೆಗಿಳಿಯುವುದಾದರೂ ಹೇಗೆ?

ಆದ್ದರಿಂದ ನಾನು ಕೇಳಿಕೊಳ್ಳುವುದು ಇಷ್ಟೇ: ಮನೆಯವರಿಗೆ ಹೇಳಿ ಓದಿ. ರಾತ್ರಿ ಎಂಟೂವರೆಗೆ ಮಕ್ಕಳು ಹೋಮ್‌ವರ್ಕ್‌ಗೆ ಕೂರುತ್ತಾರೆ ಎಂದಿದ್ದೀರಿ. ಅದಕ್ಕೆ ಮುಂಚೆ, ಚಹಾ ಬೇಕಾದವರಿಗೆ ಚಹಾ ಕೊಟ್ಟ ಮೇಲೆ, "ಒಂಬತ್ತರ ತನಕ ನಾ ಓದತೀನಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿ. ಮೊದಲ ವಾರ ಹತ್ತು ಸಲ ಕರೆಯುತ್ತಾರೆ. ಏಳಬೇಡಿ, "ಒಂಬತ್ತಕ್ಕ ಬರತೀನಿ" ಅನ್ನಿ. ಒಂಬತ್ತಕ್ಕೆ ತಪ್ಪದೆ ಎದ್ದು ಹೋಗಿ. ಆ ಮಾತನ್ನು ನೀವು ಉಳಿಸಿಕೊಂಡರೆ ಎರಡು ಮೂರು ವಾರದಲ್ಲಿ ಕರೆಯುವುದು ಕಡಿಮೆಯಾಗುತ್ತದೆ. ನಮ್ಮ ಮನೆಯಲ್ಲೇ ಇದನ್ನು ಕಂಡಿದ್ದೇನೆ.

ನಮ್ಮಮ್ಮ ಮಲೆನಾಡಿನ ಕೂಡುಕುಟುಂಬದ ಸೊಸೆ. ದಿನಾ 14 ಜನಕ್ಕೆ ಅಡುಗೆ, ಕೊಟ್ಟಿಗೆಯಲ್ಲಿ ನಾಲ್ಕು ಹಸು. 'ಸುಧಾ' ವಾರಪತ್ರಿಕೆ ಶುರುವಾದದ್ದು 1965ರಲ್ಲಿ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ನಮ್ಮ ಮನೆಗೂ ಒಂದು ವಾರಪತ್ರಿಕೆ ಬರುತ್ತಿತ್ತು. ಧಾರಾವಾಹಿಯ ಒಂದು ಕಂತು ಎಂದರೆ ನಾಲ್ಕೋ ಐದೋ ಪುಟ. ಪತ್ರಿಕೆ ಬಂದ ದಿನ ಮಧ್ಯಾಹ್ನ ಎಲೆ ಎತ್ತಿ, ನೆಲ ಸಾರಿಸಿ, ಅಮ್ಮ ಜಗುಲಿಯ ಕಂಬಕ್ಕೆ ಒರಗಿ ಕೂತರೆ ಅಜ್ಜ ಕೂಡ ಅವಳನ್ನು ಕರೆಯುತ್ತಿರಲಿಲ್ಲ. ಕಾರಣವಿತ್ತು. ಅಜ್ಜಿಗೆ ಓದಲು ಬರುತ್ತಿರಲಿಲ್ಲ. ಅಮ್ಮ ಓದಿ ಮುಗಿಸಿದರೆ ಮಾತ್ರ ಸಂಜೆ ದೀಪ ಹಚ್ಚಿದ ಮೇಲೆ ಮುಂದಿನ ಕಥೆ ಅಜ್ಜಿಗೆ ಗೊತ್ತಾಗುತ್ತಿತ್ತು. "ಅವಳು ಓದ್ತಾ ಇದಾಳೆ, ಸುಮ್ನಿರಿ" ಎಂದು ಅಜ್ಜಿಯೇ ಮಕ್ಕಳನ್ನು ಗದರುತ್ತಿದ್ದರು. ಅತ್ತೆಯ ಬಾಯಲ್ಲಿ ಆ ಮಾತು ಬಂದ ಮೇಲೆ ಇನ್ಯಾರ ಅಪ್ಪಣೆ ಬೇಕು?

ಧಾರಾವಾಹಿ ಮುಗಿದ ಮೇಲೆ ಅಮ್ಮ ಕಂತುಗಳನ್ನೆಲ್ಲ ಕತ್ತರಿಸಿ, ದಬ್ಬಣದಲ್ಲಿ ಹೊಲಿದು, ಹಳೇ ಕ್ಯಾಲೆಂಡರಿನ ರಟ್ಟು ಹಾಕಿ ಇಡುತ್ತಿದ್ದಳು. ಅಂಥ ಮೂರು ಕಟ್ಟು ಈಗ ನನ್ನ ಮೇಜಿನ ಮೇಲಿವೆ. ಒಂದರಲ್ಲಿ 19ನೇ ಕಂತು ಇಲ್ಲ. ಆ ವಾರ ಮಳೆಗೆ ಅಂಚೆ ಬಂದಿರಲಿಲ್ಲವಂತೆ. ಆ ಜಾಗದಲ್ಲಿ ನನ್ನ ನೋಟ್‌ಬುಕ್ಕಿನ ಆರು ಹಾಳೆಗಳಿವೆ. ನೆಂಟರ ಮನೆಯಿಂದ ಆ ಸಂಚಿಕೆಯನ್ನು ಎರಡು ದಿನದ ಮಟ್ಟಿಗೆ ತಂದು, ಇಡೀ ಕಂತನ್ನು ಪೆನ್ಸಿಲ್ಲಿನಲ್ಲಿ ನಕಲು ಮಾಡಿ ಹೊಲಿದಿದ್ದಾಳೆ. ಎರಡು ಕಡೆ ಅರಿಸಿನದ ಬೆರಳಚ್ಚು ಇದೆ.

ನಿಮ್ಮ ಅತ್ತೆಯವರಿಗೆ ಕಣ್ಣಿನ ತೊಂದರೆಯಿಂದ ಸಣ್ಣ ಅಕ್ಷರ ಕಾಣುವುದಿಲ್ಲ ಎಂದು ಪತ್ರದ ಒಂದು ಮೂಲೆಯಲ್ಲಿ ಬರೆದಿದ್ದೀರಿ. ನಿಮ್ಮ ಕಡೆ ಶ್ರಾವಣದಲ್ಲಿ ಮಠಗಳಲ್ಲಿ ಪುರಾಣ ಹಚ್ಚುತ್ತಾರೆ. ಮೊಣಕಾಲು ಗಟ್ಟಿ ಇದ್ದಾಗ ಅವರೂ ಹೋಗಿ ಕೂತು ಕೇಳಿದವರೇ ಇರಬೇಕು. ಅವರಿಗೆ ದಿನಕ್ಕೆ ಹತ್ತು ನಿಮಿಷ ಓದಿ ಹೇಳಿ ನೋಡಿ. ಕನ್ನಡಿಗರಲ್ಲಿ ಓದು ಬಹುಕಾಲ ಕಿವಿಯಿಂದಲೇ ನಡೆದುಬಂದದ್ದು. ಒಬ್ಬರು ಕುಮಾರವ್ಯಾಸನ ಭಾರತವನ್ನು ವಾಚನ ಮಾಡುವುದು, ಇನ್ನೊಬ್ಬರು ಅರ್ಥ ಬಿಡಿಸಿ ಹೇಳುವುದು, ಕೇರಿಯವರೆಲ್ಲ ಕೂತು ಕೇಳುವುದು. ಶಿವಮೊಗ್ಗದ ಬಳಿಯ ಹೊಸಹಳ್ಳಿಗೆ ಇಂದಿಗೂ ಗಮಕದ, ಅಂದರೆ ಕಾವ್ಯವನ್ನು ರಾಗವಾಗಿ ಓದುವ ಕಲೆಯ, ಊರೆಂದೇ ಹೆಸರು. ರೊಟ್ಟಿ ಬಡಿಯುವಾಗ ಫೋನಿನಲ್ಲಿ ಕಥೆ ಕೇಳಿದರೆ ಅದು ಓದಾಗುತ್ತದೆಯೇ ಎಂದು ಕೇಳಿದ್ದೀರಲ್ಲ, ಅದಕ್ಕೂ ಇದೇ ಉತ್ತರ. ಖಂಡಿತ ಆಗುತ್ತದೆ.

ಆದರೆ ಇಲ್ಲಿ ಒಂದು ಎಚ್ಚರ ಬೇಕು. ಅತ್ತೆಗೆ ಓದಿ ಹೇಳುವುದು ಅತ್ತೆಯ ಸೇವೆಯಾಗಿಯೂ ಬದಲಾಗಬಹುದು. ದಿನದ ಕೆಲಸಗಳ ಪಟ್ಟಿಗೆ ಇನ್ನೊಂದು ಸೇರಿದಂತಾಗಬಹುದು. ಅದು ಬೇರೆ, ನಿಮ್ಮ ಅರ್ಧ ತಾಸು ಬೇರೆ. ಒಂದನ್ನು ಇನ್ನೊಂದರ ಲೆಕ್ಕಕ್ಕೆ ಸೇರಿಸಬೇಡಿ. ಹಾಗೆಯೇ, 'ನಾನು ಓದಿದರೆ ಮಕ್ಕಳೂ ಓದುತ್ತಾರೆ' ಎಂಬ ನೆಪವನ್ನೂ ಮುಂದೆ ಮಾಡಬೇಡಿ. ಅದು ನಿಜವೇ ಇರಬಹುದು. ಆದರೂ ನಿಮ್ಮ ಓದಿಗೆ ಬೇರೆಯವರ ಲಾಭ ಕಾರಣವಾಗಬೇಕಾಗಿಲ್ಲ. ನಮ್ಮಮ್ಮನಿಗೆ ಆ ಕಾಲದಲ್ಲಿ ಅಜ್ಜಿಯ ನೆರಳು ಬೇಕಾಯಿತು. ನಿಮಗೂ ನೆರಳು ಬೇಕಾಗಬಹುದು, ಆದರೆ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ನೇರವಾಗಿದೆ: ನಿಮಗೆ ಇಷ್ಟ, ಅದಕ್ಕೇ ಓದುತ್ತೀರಿ. ಅದರಲ್ಲಿ ಸ್ವಾರ್ಥವೇನೂ ಇಲ್ಲ.

ಇನ್ನು ಯಜಮಾನರ ವಿಷಯ. ಕೇಳದೆಯೇ ಐದು ಪುಸ್ತಕ ತಂದವರು ಖಂಡಿತ ಪ್ರೀತಿಯಿಂದಲೇ ತಂದಿದ್ದಾರೆ. ನಿಮ್ಮ ಸೀಮೆಯವರು ಪುಸ್ತಕ ಮನೆಬಾಗಿಲಿಗೆ ಬರುವಂತೆ ಮಾಡಿದವರು. ಗಳಗನಾಥರು ತಮ್ಮ ಕಾದಂಬರಿಗಳನ್ನು ಹೊತ್ತು ಊರೂರು ತಿರುಗಿ ಮಾರಿದರು. ಧಾರವಾಡದಲ್ಲೇ 1933ರಲ್ಲಿ ಮನೋಹರ ಗ್ರಂಥಮಾಲೆ ಶುರುವಾಗಿ, ಚಂದಾದಾರರ ಮನೆಗೇ ಪುಸ್ತಕ ಹೋಗುವಂತಾಯಿತು. ನಿಮ್ಮ ಮನೆಗೂ ಐದು ಬಂದಿವೆ. ಅವುಗಳ ಜೊತೆ ಬರಬೇಕಾಗಿದ್ದ ಬಿಡುವು ಮಾತ್ರ ಬಂದಿಲ್ಲ. ಅದನ್ನು ಬಾಯಿಬಿಟ್ಟು ಕೇಳಿ. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಅಡುಗೆಮನೆ, ಮಕ್ಕಳು, ಅಮ್ಮನ ಮಾತ್ರೆ ಎಲ್ಲ ಅವರದು. ಮುಂದಿನ ಹುಟ್ಟುಹಬ್ಬಕ್ಕೆ ಪುಸ್ತಕದ ಬದಲು ಇದನ್ನೇ ಕೊಡಿ ಎನ್ನಿ. ಇದನ್ನು ಅವರೂ ಓದುತ್ತಾರೆ ಎಂದು ನಂಬಿ ನೇರವಾಗಿ ಅವರಿಗೇ ಬರೆಯುತ್ತಿದ್ದೇನೆ: ಅಣ್ಣಾವರೇ, ಆ ಎರಡು ತಾಸಿನಲ್ಲಿ "ಜೀರಿಗಿ ಎಲ್ಲದ?" ಎಂದು ಫೋನ್ ಮಾಡಬೇಡಿ, ಹುಡುಕಿಕೊಳ್ಳಿ.

ಆ ಎರಡು ತಾಸು ಮನೆಯಲ್ಲಿರಬೇಡಿ. ಇದ್ದರೆ ಕುಕ್ಕರಿನ ಸೀಟಿ ಎಣಿಸುತ್ತ ಕೂರುತ್ತೀರಿ. ಸಾರ್ವಜನಿಕ ಗ್ರಂಥಾಲಯಕ್ಕೆ ಹೋಗಿ. ನೀವು ಕಟ್ಟುವ ಮನೆ ತೆರಿಗೆಯ ರಸೀದಿ ತೆಗೆದು ನೋಡಿ, ಅದರಲ್ಲಿ ಗ್ರಂಥಾಲಯ ಕರ ಎಂಬ ಒಂದು ಬಾಬತ್ತು ಇರುತ್ತದೆ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ತೆರಿಗೆಯ ಪ್ರತಿ ರೂಪಾಯಿಗೆ ಆರು ಪೈಸೆ ಅದಕ್ಕೆ ಹೋಗುತ್ತದೆ. ವರ್ಷವರ್ಷವೂ ಹಣ ಕಟ್ಟಿ ಒಮ್ಮೆಯೂ ಕೂರದ ಕುರ್ಚಿ ನಿಮ್ಮದು ಅಲ್ಲಿದೆ. ಅಲ್ಲಿ ನಿಮ್ಮನ್ನು ಅಮ್ಮಾ ಎಂದಾಗಲಿ, ಮೇಡಂ ಎಂದಾಗಲಿ, ಅವ್ವಾ ಎಂದಾಗಲಿ ಕರೆಯುವವರಿಲ್ಲ.

ಈಗ 62ನೇ ಪುಟ. ಪುಸ್ತಕದ ಹೆಸರು ಬರೆದಿಲ್ಲ, ಆದರೆ 'ಆರು ನೂರು ಪುಟದ್ದು, ಮೂರು ತಲೆಮಾರಿನ ಕಥೆ, ಯಾರು ಯಾರ ಮಗ ಅನ್ನೋದೇ ಮರೆತುಹೋಗುತ್ತೆ' ಎಂದಿದ್ದೀರಿ. ಇಂಥ ಕಾದಂಬರಿಯ ಮೊದಲ ನೂರು ಪುಟಗಳನ್ನು ಚೂರುಚೂರಾಗಿ ಓದಲಾಗದು. ಆ ಊರು, ಆ ಮನೆ, ಆ ಜನ ಮನಸ್ಸಿನಲ್ಲಿ ಕೂರಲು ಬಿಡದೆ ಓದುವ ಎರಡು ಮೂರು ತಾಸು ಬೇಕೇ ಬೇಕು. ಅದು ಗ್ರಂಥಾಲಯದ ಭಾನುವಾರಕ್ಕೆ ಇರಲಿ. ನೂರು ದಾಟಿದ ಮೇಲೆ ಕಥೆಯೇ ಕೈಹಿಡಿದು ನಡೆಸುತ್ತದೆ, ಆಗ ರಾತ್ರಿಯ ಅರ್ಧ ತಾಸು ಸಾಕು. 62ರಿಂದ ಮುಂದುವರಿಸಲು ಒದ್ದಾಡಬೇಡಿ, ಮೊದಲ ಪುಟಕ್ಕೇ ಹೋಗಿ. ಒಂದು ಚೀಟಿಯಲ್ಲಿ ಅಜ್ಜನಿಂದ ಮೊಮ್ಮಗನವರೆಗೆ ಹೆಸರುಗಳನ್ನು ಬರೆದು ರಟ್ಟಿನ ಒಳಗೆ ಇಟ್ಟುಕೊಳ್ಳಿ. ಅಂಥ ಚೀಟಿಯಿಲ್ಲದೆ ನಾನು ಇಂದಿಗೂ ದೊಡ್ಡ ಕಾದಂಬರಿ ಓದುವುದಿಲ್ಲ. ದಿನಕ್ಕೆ ಹತ್ತು ಪುಟ ಎಂದರೆ ಆರು ನೂರು ಪುಟಕ್ಕೆ ಎರಡು ತಿಂಗಳು. ವಾರಕ್ಕೆ ಎರಡು ಮುಗಿಸುತ್ತಿದ್ದವರಿಗೆ ಇದು ಕಡಿಮೆ ಅನಿಸಬಹುದು, ಆದರೆ ಅದೇ ಹತ್ತು ಪುಟ ವರ್ಷಕ್ಕೆ 3650 ಆಗುತ್ತದೆ. ಇನ್ನೂರು ಪುಟದ ಪುಸ್ತಕಗಳಾದರೆ ಹದಿನೆಂಟು.

ಅಡುಗೆಯ ನಡುವೆ ಸಿಗುವ ಐದು ನಿಮಿಷಕ್ಕೆ ಕಾದಂಬರಿ ಬೇಡ. ವಚನ ಇಟ್ಟುಕೊಳ್ಳಿ, ಕಗ್ಗ ಇಟ್ಟುಕೊಳ್ಳಿ. 1943ರಲ್ಲಿ ಬಂದ 'ಮಂಕುತಿಮ್ಮನ ಕಗ್ಗ'ದಲ್ಲಿ 945 ಪದ್ಯಗಳಿವೆ, ಒಂದೊಂದೂ ನಾಲ್ಕೇ ಸಾಲು. ದಿನಕ್ಕೊಂದರಂತೆ ಓದಿದರೆ ಎರಡೂವರೆ ವರ್ಷ ದಾಟುತ್ತದೆ. ಬೇಳೆ ಬೇಯುವಾಗ ಓದಿದ ನಾಲ್ಕು ಸಾಲು ಬ್ಯಾಂಕಿನ ಕೌಂಟರಿನಲ್ಲಿ ಮಧ್ಯಾಹ್ನ ಮತ್ತೆ ನೆನಪಾಗುತ್ತದೆ. ಹಾಗೆ ನೆನಪಾಗುವುದೂ ಓದಿನ ಭಾಗವೇ ಎಂದು ನಾನು ನಂಬಿದ್ದೇನೆ. ಹುಟ್ಟುಹಬ್ಬದ ಪುಸ್ತಕಗಳಲ್ಲಿ ಯಾವುದಾದರೂ ಹಿಡಿಸದಿದ್ದರೆ ಬೇಸರಪಟ್ಟುಕೊಳ್ಳದೆ ಗೆಳತಿಗೆ ಕೊಟ್ಟುಬಿಡಿ. ಪ್ಲಾಸ್ಟಿಕ್ ಮಾತ್ರ ಇವತ್ತೇ ಹರಿದು ಹಾಕಿ. ತೆರೆದ ಪುಸ್ತಕವನ್ನು ಮಕ್ಕಳಾದರೂ ತಿರುವಿ ನೋಡುತ್ತಾರೆ.

ಇನ್ನೂ ಓದುಗಾರ್ತಿ ಎಂದುಕೊಳ್ಳಬಹುದೇ ಎಂಬ ಪ್ರಶ್ನೆಗೆ ಎಂ.ಕೆ. ಇಂದಿರಾ ಅವರು ನೆನಪಾದರು. ಹುಟ್ಟಿದ್ದು 1917ರಲ್ಲಿ. ಏಳು ವರ್ಷದ ಶಾಲೆ, ಹನ್ನೆರಡನೇ ವಯಸ್ಸಿಗೆ ಮದುವೆ. ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ, ಅವರಿಗೆ 46 ವರ್ಷವಾಗಿದ್ದಾಗ. ನೀವೂ ಬರೆಯಿರಿ ಎನ್ನಲು ಈ ಮಾತು ಹೇಳುತ್ತಿಲ್ಲ. ಹೊರಗಿನಿಂದ ನೋಡುವವರಿಗೆ ಬರೀ ಸಂಸಾರವಾಗಿ ಕಾಣುವ ಎಷ್ಟೋ ವರ್ಷಗಳಲ್ಲಿ ಒಳಗೆ ಏನು ಕೂಡಿಬರುತ್ತಿತ್ತು ಎಂಬುದನ್ನು ಆಮೇಲೆ ಬಂದ ಅವರ ಪುಸ್ತಕಗಳು ತೋರಿಸಿದವು. ನೀವು ನಾಲ್ಕು ತಿಂಗಳಲ್ಲಿ 62 ಪುಟ ಓದಿದವರು. ಆದರೆ ಆ ನಾಲ್ಕು ತಿಂಗಳೂ ಮುಂದಿನ ಪುಟಕ್ಕಾಗಿ ಹಂಬಲಿಸಿದವರು, ಮೂರು ಹಾಳೆಯ ಪತ್ರವನ್ನು ಒಂದೂ ಕಾಟು ಇಲ್ಲದೆ ಬರೆದವರು. ಈ ಪತ್ರಿಕೆಯನ್ನು ನಾನು ಯಾರನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರತರುತ್ತೇನೆ ಎಂದು ಯಾರಾದರೂ ಕೇಳಿದರೆ ನಿಮ್ಮ ಪತ್ರವನ್ನು ತೋರಿಸುತ್ತೇನೆ.

ಒಂದು ಕೋರಿಕೆ ಇದೆ. ಆ ಕಾದಂಬರಿಯ ಹೆಸರನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ನಾನೂ ತಂದುಕೊಂಡು ಮೊದಲ ಪುಟದಿಂದ ಶುರು ಮಾಡುತ್ತೇನೆ, ರಾತ್ರಿ ಎಂಟೂವರೆಗೆ, ದಿನಕ್ಕೆ ಹತ್ತು ಪುಟ. ಎರಡು ತಿಂಗಳಾದ ಮೇಲೆ, ಮೂರನೇ ತಲೆಮಾರಿನವರ ಕಥೆ ಕೊನೆಗೆ ಏನಾಯಿತು ಎಂದು ಇಬ್ಬರೂ ಬರೆದುಕೊಳ್ಳೋಣ. ಅತ್ತೆಯವರಿಗೆ ನನ್ನ ನಮಸ್ಕಾರ ತಿಳಿಸಿ. ಕಥೆ ಅವರಿಗೆ ಎಲ್ಲಿಯವರೆಗೆ ಬಂತು ಎಂಬುದನ್ನೂ ಬರೆಯಿರಿ.

ನಿಮ್ಮ,
ಸಂಪಾದಕ