ಎರಡು ನಿಮಿಷದ ಮಾತು, ಎರಡು ಪುಟದ ದಿನಚರಿ

ಮುಂಬಯಿಯ ಮುಲುಂಡಿನಿಂದ ಈ ಅಂಕಣಕ್ಕೆ ಬಂದ ಪತ್ರ ಓದುತ್ತಾ ಚಾಕ್ಕೆ ನೀರಿಟ್ಟಿದ್ದೆ. ನೀರು ಬತ್ತಿ ಪಾತ್ರೆ ಸೀದ ಮೇಲೆ ಎಚ್ಚರವಾಯಿತು. ಪತ್ರ ಉದ್ದವಿತ್ತು ಅಂತಲ್ಲ. ಒಂದು ಸಾಲಿನ ಹತ್ತಿರ ನಿಂತವಳು ಮುಂದೆ ಹೋಗಲೇ ಇಲ್ಲ.

ಉಳಿದ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಬರೆದವರು 34 ವರ್ಷದ ಸೊಸೆ, ತವರು ಶಿರಸಿ ಕಡೆ. ಮಾವನಿಗೆ 67, ಬ್ಯಾಂಕಿನಿಂದ ನಿವೃತ್ತರು. ಈಗ ಒಬ್ಬರೇ ಜಪಾನಿನ ಶಿಕೊಕು ದ್ವೀಪದಲ್ಲಿ ನಡೆಯುತ್ತಿದ್ದಾರೆ. ಕೂಕಾಯ್ ಎಂಬ ಬೌದ್ಧ ಸನ್ಯಾಸಿಯ (774–835) ಹೆಸರಿನಲ್ಲಿ ಅಲ್ಲಿ 88 ದೇವಾಲಯಗಳ ಯಾತ್ರೆ ಇದೆ. ದ್ವೀಪವನ್ನೇ ಸುತ್ತುವ ದಾರಿ, ಸುಮಾರು 1,200 ಕಿಲೋಮೀಟರ್. ಸಂಜೆಯಾದರೆ ಮಾವ ಆ ದಿನದ್ದನ್ನೆಲ್ಲ ಫೋನಿನಲ್ಲಿ ಹೇಳಿ, ರೆಕಾರ್ಡ್ ಮಾಡಿ ಸೊಸೆಗೆ ಕಳಿಸುತ್ತಾರೆ. ಸೊಸೆ ಅದನ್ನು ಕೇಳಿ, ಕನ್ನಡದಲ್ಲಿ ಟೈಪ್ ಮಾಡಿ, ಫೋಟೋ ಸೇರಿಸಿ ‘ಇವತ್ತಿನ ದಿನಚರಿ’ ಅಂತ ಎಲ್ಲರಿಗೂ ಕಳಿಸುತ್ತಾರೆ. ಶುರುವಿನಲ್ಲಿ ಓದುತ್ತಿದ್ದವರು 30 ಜನ. ಈಗ 400.

ಎಂಟು ದಿನದ ಹಿಂದೆ ಮಾವ ಇಳಿಜಾರಿನಲ್ಲಿ ಜಾರಿ ಬಿದ್ದಿದ್ದಾರೆ. ಮಂಡಿ ಊದಿದೆ. ಅದನ್ನು ಸೊಸೆಗೆ ಮಾತ್ರ ಹೇಳಿದ್ದಾರೆ. ‘ನಿನ್ನ ಅತ್ತೆಗೆ ಹೇಳ್ಬೇಡ, ಬರೀಲೂ ಬೇಡ, ಸುಮ್ನೆ ಗಾಬರಿ ಆಗ್ತಾಳೆ’ ಅಂದಿದ್ದಾರೆ. ಇವರು ಹೂಂ ಅಂದಿದ್ದಾರೆ. ಈಗ ಕೇಳುತ್ತಿದ್ದಾರೆ: ಕೊಟ್ಟ ಮಾತು ಉಳಿಸಿಕೊಳ್ಳಲೋ, ಅತ್ತೆಗೆ ಹೇಳಲೋ?

ನನ್ನ ಪಾತ್ರೆ ಸುಟ್ಟ ಸಾಲು ಇದಲ್ಲ. ಅದು ಮೂರನೇ ಪುಟದ ಕೊನೆಯಲ್ಲಿದೆ. ‘ಮೊದಲೆಲ್ಲ ಅವರ ರೆಕಾರ್ಡಿಂಗ್ ಇಪ್ಪತ್ತು ನಿಮಿಷ ಇರುತ್ತಿತ್ತು, ಈಗ ಎರಡು ನಿಮಿಷಕ್ಕೆ ಮುಗಿಯುತ್ತದೆ, ಹಾಗಾಗಿ ನಾನೇ ಒಂದಷ್ಟು ಸೇರಿಸಿ ಬರೆಯುತ್ತೇನೆ, ಅದು ಬೇರೆ ಮಾತು.’

ಬೇರೆ ಮಾತಲ್ಲ ತಾಯಿ. ಇರುವುದು ಅದೊಂದೇ ಮಾತು.

ನೀವು ಮಾದರಿಗೆ ಅಂತ ಎರಡು ದಿನದ್ದು ಕಳಿಸಿದ್ದೀರಿ. ಮೊದಲನೆಯದು ಮುರೊತೊ ಭೂಶಿರದ ದಿನ. 23ನೇ ದೇವಾಲಯದಿಂದ 24ನೆಯದಕ್ಕೆ ಸುಮಾರು 75 ಕಿಲೋಮೀಟರ್ ಸಮುದ್ರದ ಬದಿಯಲ್ಲೇ ನಡೆದು ತಲುಪಿದ್ದಾರೆ. ಅಲ್ಲಿ ಒಂದು ಗುಹೆ. ಒಳಗೆ ಕೂತ ಯುವಕನಿಗೆ ಕಾಣುತ್ತಿದ್ದದ್ದು ಆಕಾಶ ಮತ್ತು ಸಮುದ್ರ ಎರಡೇ, ಅದಕ್ಕೇ ‘ಆಕಾಶ-ಸಮುದ್ರ’ ಅನ್ನುವ ಅರ್ಥದ ಕೂಕಾಯ್ ಎಂಬ ಹೆಸರು ಬಂತು ಅಂತ ಅಲ್ಲಿ ಕಥೆ ಹೇಳುತ್ತಾರೆ. ಮಾವ ಆ ಕಥೆಯನ್ನು ಹೇಳಿ, ಮತ್ತೆ ಮೊದಲಿಂದ ಹೇಳಿ, ನಡುವೆ ಕೆಮ್ಮಿ, ‘ಇಲ್ಲಿ ಹೋಮಕ್ಕೆ ಗೋಮಾ ಅಂತಾರೆ ಮಾರಾಯ್ತಿ, ನಮ್ಮದೇ ಶಬ್ದ!’ ಅಂತ ಕೂಗಿದ್ದಾರೆ. ಬೂಟಿನ ಬೆಲೆ ಹೇಳಿದ್ದಾರೆ. ಬರೀ ತರಕಾರಿ ಅಂದುಕೊಂಡ ಸಾರಿನಲ್ಲೂ ಒಣಮೀನಿನ ರಸ ಇರುತ್ತದೆ ಅಂತ ಬೈದಿದ್ದಾರೆ. ವಸತಿಗೆ ಬಂದ ಕೂಡಲೇ ಕಾಲಿಗಿಂತ ಮೊದಲು ಕೋಲಿನ ತುದಿ ತೊಳೆಯಬೇಕು, ಆ ಕೋಲೇ ಇಲ್ಲಿ ಗುರು ಇದ್ದ ಹಾಗೆ ಅಂತ ಹೇಳಿದ್ದಾರೆ. ಕಾಗದದ ಮೇಲೂ ಅವರ ಗಂಟಲು ಕೇಳಿಸುತ್ತದೆ.

ಎರಡನೆಯದು ಕಳೆದ ಬುಧವಾರದ್ದು. ಮಾವ ಹೇಳಿದ್ದು ಇಷ್ಟು: ‘ನಡೆದೆ. ಬಿಸಿಲಿತ್ತು. ಊಟ ಆಯ್ತು. ಮಲಗ್ತೇನೆ.’ ನೀವು ಬರೆದದ್ದು ಎರಡು ಪುಟ. ಎಡಗಡೆ ಸಮುದ್ರ, ಬೂದಿ ಬಣ್ಣದ ಮೋಡ, ಬೇಲಿಯಾಚೆಯಿಂದ ಕೈ ಚಾಚಿ ಕಿತ್ತಳೆ ಕೊಟ್ಟ ಮುದುಕಿ, ಆಕೆಯ ಉಗುರಿನಲ್ಲಿ ಮಣ್ಣು. ಕೊನೆಗೆ ‘ಕೋಲು ತೊಳೆದು ಮೂಲೆಯಲ್ಲಿಟ್ಟೆ’. ಆ ದಾರಿಯಲ್ಲಿ ಯಾತ್ರಿಕರಿಗೆ ಊರಿನವರು ಹಣ್ಣು, ಚಾ, ಚಿಲ್ಲರೆ ಕೊಡುವ ಪದ್ಧತಿ ಇರುವುದು ನಿಜ, ಅದನ್ನು ಒಸೆತ್ತಾಯ್ ಅನ್ನುತ್ತಾರೆ. ಆದರೆ ಈ ಮುದುಕಿ ಜಪಾನಿನವಳಲ್ಲ, ಶಿರಸಿಯವಳು. ನಿಮ್ಮ ಅಜ್ಜಿ ಅಲ್ವಾ? ಬಹಳ ಚೆನ್ನಾಗಿ ಬರೆದಿದ್ದೀರಿ. ಹೊಟ್ಟೆಕಿಚ್ಚಾಗುವಷ್ಟು. ಆದರೆ ಎಂಟು ದಿನದಿಂದ ಆ ಕೋಲು ತೊಳೆಯುತ್ತಿರುವುದು ನೀವು, ಮುಲುಂಡಿನ ಅಡುಗೆಮನೆಯಲ್ಲಿ ಕೂತು.

ನನ್ನ ದೊಡ್ಡಪ್ಪ ಹದಿಮೂರನೇ ವಯಸ್ಸಿಗೆ ಕುಂದಾಪುರದಿಂದ ಮುಂಬಯಿಗೆ ಬಂದವರು. ಮಾಟುಂಗದ ಒಂದು ಹೋಟೆಲಿನಲ್ಲಿ ಕಪ್ಪು-ಬಸಿ ತೊಳೆಯುವ ಕೆಲಸ. ಬರೆಯಲು ಬರುತ್ತಿರಲಿಲ್ಲ. ರಾತ್ರಿ ಶಾಲೆಗೆ ಸೇರಿದ್ದು ಆಮೇಲೆ. ಊರಿಗೆ ಹೋಗುವ ಮನಿಯಾರ್ಡರಿನ ಕೂಪನ್ನಿನಲ್ಲಿ ಬೆರಳಗಲದ ಜಾಗ ಇರುತ್ತಿತ್ತಲ್ಲ, ಅಲ್ಲಿ ಹೋಟೆಲಿನ ಲೆಕ್ಕ ಬರೆಯುವವರು ಇವರ ಪರವಾಗಿ ‘ನಾನು ಕ್ಷೇಮ’ ಅಂತ ಬರೆದು ಕಳಿಸುತ್ತಿದ್ದರು. ಒಳ್ಳೆಯ ಮನುಷ್ಯ. ದೊಡ್ಡಪ್ಪನಿಗೆ ಕಾಮಾಲೆಯಾಗಿ ಹಿತ್ತಿಲ ಕೋಣೆಯಲ್ಲಿ ಮಲಗಿದ್ದಾಗಲೂ ‘ನಾನು ಕ್ಷೇಮ’ ಅಂತಲೇ ಬರೆದರು. ಊರಲ್ಲಿ ಗಾಬರಿಯಾಗಬಾರದು ನೋಡಿ. ನನ್ನ ಅಜ್ಜಿಗೂ ಓದಲು ಬರುತ್ತಿರಲಿಲ್ಲ. ಆದರೆ ಪೋಸ್ಟಿನವನು ಎಣಿಸಿದ್ದು ಯಾವಾಗಲೂ ಬರುವ ಮೂವತ್ತಲ್ಲ, ಹದಿನೈದು. ಅಜ್ಜಿ ಆ ಹದಿನೈದು ರೂಪಾಯಿಯನ್ನೇ ಬಸ್ ಚಾರ್ಜಿಗೆ ಅಂತ ದೊಡ್ಡಪ್ಪನ ಸೋದರಮಾವನ ಕೈಗಿಟ್ಟು, ‘ಮಾಣಿ ಹುಷಾರಿಲ್ಲ, ಹೋಗಿ ಕರ್ಕೊಂಡು ಬಾ’ ಅಂದರಂತೆ.

ನಿಮ್ಮ ಹತ್ತಿರ ಬರುವ ಎರಡು ನಿಮಿಷ ಆ ಹದಿನೈದು ರೂಪಾಯಿ ಇದ್ದ ಹಾಗೆ. ಅದನ್ನು ನೀವು ದಿನಾ ಮೂವತ್ತು ಮಾಡಿ ಹಂಚುತ್ತಿದ್ದೀರಿ.

ನಿಮ್ಮನ್ನು ಜಾಸ್ತಿ ಬೈಯಲಾರೆ. ಈ ಅಂಕಣದಲ್ಲಿ ಹೇಳಿ ಹೇಳಿ ಬಾಯಿ ನೋವು ಬಂದಿರುವ ಮಾತೊಂದಿದೆ: ಮನೆಯಲ್ಲಿ ಯಾವುದೇ ಗುಟ್ಟಿರಲಿ, ಅದನ್ನು ಕಟ್ಟಿಕೊಂಡು ತಿರುಗುವ ಕೆಲಸ ಬೀಳುವುದು ಸೊಸೆಯ ಸೊಂಟಕ್ಕೇ. ಗುಟ್ಟು ಮಾಡುವವರು ಬೇರೆ, ಹೊರುವವರು ಬೇರೆ. ನಾಳೆ ಏನಾದರೂ ಆದರೆ ‘ನಿನಗೆ ಗೊತ್ತಿತ್ತಲ್ಲ’ ಅಂತ ಕೇಳುವುದೂ ನಿಮ್ಮನ್ನೇ.

ನನಗೆ ಸಿಟ್ಟು ಬಂದಿರುವುದು ನಿಮ್ಮ ಯಜಮಾನರ ಮೇಲೆ. ಪತ್ರದಲ್ಲಿ ಅವರ ಬಗ್ಗೆ ಒಂದೂವರೆ ಸಾಲಿದೆ. ಮುಂಬಯಿಯಲ್ಲೇ ಹುಟ್ಟಿದವರು, ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ, ಅಪ್ಪನ ಫೋಟೋಗಳನ್ನು ನೋಡಿ ಹೆಬ್ಬೆರಳು ಒತ್ತುತ್ತಾರೆ. ಮಗನಿಗೆ ಅಪ್ಪನ ದಿನಚರಿ ಅಂದರೆ ಟೋಪಿ ಹಾಕಿದ ಒಬ್ಬ ಮನುಷ್ಯ, ಹಿಂದೆ ಒಂದು ಗೋಪುರ. 400 ಜನ ಓದುವುದನ್ನು ಹೆತ್ತ ಮಗ ಓದಲಾರ! ಓದಲು ಬರದಿದ್ದರೆ ಬೇಡ, ಕಿವಿ ಇದೆಯಲ್ಲ? ಇಪ್ಪತ್ತು ನಿಮಿಷದ ದನಿ ಎರಡು ನಿಮಿಷಕ್ಕೆ ಇಳಿದದ್ದು ತಿಳಿಯಲು ಅಕ್ಷರ ಯಾಕೆ ಬೇಕು? ನಾಲ್ಕು ತಿಂಗಳಲ್ಲಿ ಕನ್ನಡ ಓದುವುದು ಕಲಿಯಬಹುದು, ಹೋಟೆಲಿನಲ್ಲಿ ಹದಿನಾಲ್ಕು ಗಂಟೆ ದುಡಿದ ಹುಡುಗರು ಈ ಊರಲ್ಲೇ ಕಲಿತಿದ್ದಾರೆ. ಇದು ನನ್ನ ಹಳೇ ಹಾಡು, ಬಲ್ಲವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿರುತ್ತಾರೆ.

ಇನ್ನು ನಿಮ್ಮ ಓದುಗರು. ‘ನಿಲ್ಲಬೇಡಿ ಸಾರ್, 88 ಮುಗಿಸಿಯೇ ಬನ್ನಿ’ ಅಂತ ಸೋಫಾದ ಮೇಲಿಂದ ಹುರಿದುಂಬಿಸುವವರು. ಒಂದು ಸಂಘದವರು ಆಗಲೇ ಸನ್ಮಾನಕ್ಕೆ ದಿನ ಗೊತ್ತು ಮಾಡಿದ್ದಾರಂತೆ, ಶಾಲು, ಹಾರ, ಹಣ್ಣಿನ ಬುಟ್ಟಿ. ಆ ಶಾಲು ಈಗಲೇ ಮಾವನ ಹೆಗಲ ಮೇಲೆ ಕೂತಿದೆ, ಊದಿದ ಮಂಡಿ ಅದನ್ನೂ ಹೊರಬೇಕು. ಅವರಿಗೆ ಒಂದು ವಿಷಯ ಗೊತ್ತಿದ್ದ ಹಾಗಿಲ್ಲ. ಶಿಕೊಕು ಯಾತ್ರೆಯನ್ನು ಒಂದೇ ಉಸಿರಿಗೆ ಮುಗಿಸಬೇಕು ಅಂತ ಅಲ್ಲಿ ಯಾರೂ ಹೇಳುವುದಿಲ್ಲ. ಇವತ್ತು ಹೆಚ್ಚಿನವರು ಹೋಗುವುದೇ ಬಸ್ಸಲ್ಲಿ, ಕಾರಲ್ಲಿ. ನಡೆಯುವವರಲ್ಲೂ ಎಷ್ಟೋ ಜನ ಈ ವರ್ಷ ಒಂದಷ್ಟು, ಮುಂದಿನ ವರ್ಷ ಒಂದಷ್ಟು ಅಂತ ತುಂಡು ತುಂಡಾಗಿ ಮಾಡುತ್ತಾರೆ. ಅದಕ್ಕೆ ಕುಗಿರಿ-ಉಚಿ ಅಂತ ಹೆಸರೇ ಇದೆ. ನಿಲ್ಲಿಸಿದ ಜಾಗದಿಂದಲೇ ಮತ್ತೆ ಶುರು ಮಾಡುವುದು. ಮೊಹರು ಹಾಕಿಸಿಕೊಳ್ಳುವ ಪುಸ್ತಕದಲ್ಲಿ ಖಾಲಿ ಪುಟಗಳು ಹಾಗೇ ಕಾಯುತ್ತವೆ.

ಮಾವ ಈಗಿರುವುದು 37 ಮತ್ತು 38ನೇ ದೇವಾಲಯಗಳ ನಡುವೆ ಅಂತ ಬರೆದಿದ್ದೀರಿ. ಇಡೀ ಯಾತ್ರೆಯಲ್ಲಿ ಎರಡು ದೇವಾಲಯಗಳ ನಡುವಿನ ಅತಿ ಉದ್ದದ ದಾರಿ ಅದೇ, 80 ಕಿಲೋಮೀಟರಿಗೂ ಜಾಸ್ತಿ. ಊದಿದ ಮಂಡಿಯಲ್ಲಿ, ಒಬ್ಬರೇ.

ಅತ್ತೆಗೆ ಅನುಮಾನವೇ ಇಲ್ಲ ಅಂದಿದ್ದೀರಿ. ಮುಂದಿನ ಸಾಲಿನಲ್ಲೇ ‘ದೀಪ ಹಚ್ಚಿ, ಕನ್ನಡಕ ಹಾಕಿಕೊಂಡು ಓದುತ್ತಾರೆ, ಮೊದಲು ಜೋರಾಗಿ ಓದಿ ನಗುತ್ತಿದ್ದರು, ಈಗ ಸುಮ್ಮನೆ ಓದಿ ಫೋನ್ ಕೊಡುತ್ತಾರೆ’ ಅಂತಲೂ ಬರೆದಿದ್ದೀರಿ. 41 ವರ್ಷ ಸಂಸಾರ ಮಾಡಿದವರಿಗೆ ಗೊತ್ತಾಗದೇ ಇರುತ್ತದಾ, ತನ್ನ ಗಂಡ ಯಾವತ್ತೂ ಮೋಡದ ಬಣ್ಣ ನೋಡಿದವರಲ್ಲ ಅಂತ? ಬೂಟಿನ ಬೆಲೆ ಹೇಳದ ದಿನಚರಿ ಅವರ ಗಂಡನದ್ದಲ್ಲ. ಆ ಹೆಂಗಸು ನೀವು ಹೇಳಲಿ ಅಂತ ಕಾಯುತ್ತಿದ್ದಾರೆ, ನೀವು ಅವರಿಗೆ ಗಾಬರಿಯಾದೀತು ಅಂತ ಕಾಯುತ್ತಿದ್ದೀರಿ. ಈ ಪತ್ರದಲ್ಲಿ ನನ್ನ ಕರುಳು ಚುರ್ ಅಂದದ್ದು ಅವರಿಗಾಗಿ, ನಿಮಗಾಗಿ ಅಲ್ಲ.

ಹಾಗಾದರೆ ಏನು ಮಾಡಬೇಕು? ಒಂದೇ ಕೆಲಸ. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಮಾವ ಮಲಗುವ ಮೊದಲು ಕಳಿಸಿದ್ದು ನಿಮಗೆ ಸಂಜೆ ನಾಲ್ಕೂವರೆ ಹೊತ್ತಿಗೆ ಬರುತ್ತದೆ. ಮಕ್ಕಳು ಕ್ಲಾಸಿಂದ ಬರಲು ಇನ್ನೂ ಹೊತ್ತಿರುತ್ತದೆ. ಇವತ್ತು ಅದನ್ನು ನೀವು ಕೇಳಬೇಡಿ. ಟೈಪ್ ಮಾಡಬೇಡಿ. ಅತ್ತೆಗೆ ಚಾ ಕೊಟ್ಟು, ಫೋನ್ ಕೈಗಿಟ್ಟು, ‘ಇವತ್ತು ಮಾವ ಕಳಿಸಿದ್ದು ನೀವೇ ಕೇಳಿ’ ಅನ್ನಿ. ಮಂಡಿಯ ಸುದ್ದಿ ತೆಗೆಯಬೇಡಿ. ನೀವು ಕೊಟ್ಟ ಮಾತು ಹೇಳುವುದಿಲ್ಲ, ಬರೆಯುವುದಿಲ್ಲ ಅಂತ ತಾನೇ? ಕೇಳಿಸುವುದಿಲ್ಲ ಅಂತ ನೀವು ಯಾರಿಗೂ ಮಾತು ಕೊಟ್ಟಿಲ್ಲ. ಇದು ಕಳ್ಳಾಟ ಅನ್ನಿಸಿದರೆ ಆ ಪಾಪ ನನ್ನ ತಲೆಗಿರಲಿ.

400 ಜನರಿಗೆ ಇವತ್ತು ದಿನಚರಿ ಹೋಗುವುದಿಲ್ಲ. ಕೇಳಿದರೆ ಕೇಳಲಿ.

ಅತ್ತೆ ಆ ಎರಡು ನಿಮಿಷ ಕೇಳುವಾಗ ಅವರ ಮುಖ ನೋಡುತ್ತಾ ನಿಲ್ಲಬೇಡಿ. ಬಾಲ್ಕನಿಗೆ ಹೋಗಿ ಒಣಗಿದ ಬಟ್ಟೆ ತೆಗೆಯಿರಿ. ಅವರು ಮತ್ತೊಂದು ಸಲ ಕೇಳುತ್ತಾರೆ, ಆಮೇಲೆ ನಿಮ್ಮ ಫೋನಿನಿಂದಲೇ ಮಾವನಿಗೆ ಕರೆ ಮಾಡುತ್ತಾರೆ. ಮಗನಿಗೆ ಹೇಳುವ ಚಿಂತೆಯೂ ನಿಮಗೆ ಬೇಡ. ಅದನ್ನು ಅತ್ತೆ ನೋಡಿಕೊಳ್ಳುತ್ತಾರೆ, ಅದೂ ಅವನಿಗೆ ಅರ್ಥವಾಗುವ ಕನ್ನಡದಲ್ಲಿ.