ಮರುಓದಿನಲ್ಲೂ ನಿಲ್ಲುವ ಪತ್ತೇದಾರಿ ಕಾದಂಬರಿಗಳು: ತಮ್ಮ ಪ್ರಶ್ನೆಗೆ ಒಂದು ಉತ್ತರ

ಬಹಳ ವರ್ಷಗಳ ನಂತರ ಪತ್ತೇದಾರಿ ಕಾದಂಬರಿಗಳ ಓದಿಗೆ ಮರಳಬೇಕೆಂದಿದ್ದೇನೆ, ಎಲ್ಲಿಂದ ಆರಂಭಿಸಲಿ, ಇತ್ತೀಚೆಗೆ ನೀವೆಲ್ಲ ಓದಿದ್ದೇನು, ಕನ್ನಡವನ್ನಷ್ಟೇ ಓದುವ ನಮ್ಮ ತಾಯಿಯವರಿಗೂ ಹದಿಮೂರು ವರ್ಷದ ಮಗನಿಗೂ ಏನು ಕೊಡಬಹುದು ಎಂದು ತಾವು ಬಳಗದಲ್ಲಿ ಕೇಳಿದ್ದೀರಿ. ಈಗಾಗಲೇ ಹಲವರು ಹೆಸರುಗಳನ್ನು ಸೂಚಿಸಿದ್ದಾರೆ, ಅವುಗಳಲ್ಲಿ ಹೆಚ್ಚಿನವು ಒಳ್ಳೆಯ ಪುಸ್ತಕಗಳೇ. ಆದರೆ ಬರೀ ಹೆಸರುಗಳಿಂದ ಆಯ್ಕೆ ಸುಲಭವಾಗುವುದಿಲ್ಲ. ಆದ್ದರಿಂದ ನಾನು ಪುಸ್ತಕಗಳನ್ನು ಹೇಗೆ ಆರಿಸಿಕೊಳ್ಳುತ್ತೇನೆ ಎಂಬುದನ್ನು ಮೊದಲು ಹೇಳಿ, ಆಮೇಲೆ ಒಂದೊಂದಾಗಿ ಬರೆಯುತ್ತೇನೆ. ಯಾವ ಕಥೆಯ ಗುಟ್ಟನ್ನೂ ಇಲ್ಲಿ ಬಿಟ್ಟುಕೊಟ್ಟಿಲ್ಲ, ನಿಶ್ಚಿಂತೆಯಿಂದ ಓದಬಹುದು.

ಅಪರಾಧಿ ಯಾರೆಂದು ತಿಳಿದ ಮೇಲೆ ಆ ಪುಸ್ತಕವನ್ನು ಮೊದಲ ಪುಟದಿಂದ ಮತ್ತೆ ಓದಬೇಕೆನಿಸುತ್ತದೆಯೇ ಎಂಬುದೊಂದೇ ನನ್ನ ಪರೀಕ್ಷೆ. ಕೊನೆಯ ಅಧ್ಯಾಯದಲ್ಲಿ ಎಲ್ಲಿಂದಲೋ ಒಬ್ಬ ಅಣ್ಣನನ್ನೋ ಅವಳಿ ಸಹೋದರನನ್ನೋ ತಂದು ನಿಲ್ಲಿಸುವ ಕಾದಂಬರಿ ಈ ಪರೀಕ್ಷೆಯಲ್ಲಿ ನಿಲ್ಲುವುದಿಲ್ಲ. ಸುಳಿವನ್ನು ಓದುಗನ ಕಣ್ಣೆದುರಿಗೇ ಇಟ್ಟು, ಅದನ್ನು ಬೇರೊಂದು ಅರ್ಥದಲ್ಲಿ ನೋಡುವಂತೆ ಮಾಡಿದ ಕಾದಂಬರಿಯಾದರೆ, ಎರಡನೆಯ ಓದಿನಲ್ಲಿ ಲೇಖಕನ ಕೈಚಳಕ ಸಾಲುಸಾಲಿನಲ್ಲಿ ಕಾಣುತ್ತದೆ. ಇಂಗ್ಲೆಂಡಿನ ಪಾದ್ರಿಯೂ ಕಾದಂಬರಿಕಾರರೂ ಆಗಿದ್ದ ರೊನಾಲ್ಡ್ ನಾಕ್ಸ್ ಅವರು 1929ರಲ್ಲಿ ಈ ಪ್ರಕಾರಕ್ಕೆ ಹತ್ತು ನಿಯಮಗಳನ್ನು ಬರೆದರು. ಪತ್ತೇದಾರನಿಗೆ ಸಿಕ್ಕ ಸುಳಿವನ್ನು ಆ ಕೂಡಲೇ ಓದುಗನ ಮುಂದೆಯೂ ಇಡಬೇಕು ಎಂಬುದು ಅವುಗಳಲ್ಲೊಂದು. ಉಳಿದ ನಿಯಮಗಳಲ್ಲಿ ಕೆಲವು ಇಂದು ಹಳತಾಗಿವೆ, ಇದೊಂದು ಮಾತ್ರ ಹಾಗೆಯೇ ಉಳಿದಿದೆ.

ಇಂಗ್ಲಿಷಿನಲ್ಲಿ ಆರಂಭಿಸುವುದಾದರೆ ಅಗಾಥಾ ಕ್ರಿಸ್ಟಿಯವರಿಂದಲೇ ಆರಂಭಿಸಿ. ಅವರ ಅರವತ್ತಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳಲ್ಲಿ ಹೆಚ್ಚು ಪ್ರಸಿದ್ಧವಾದವುಗಳನ್ನು ಬಿಟ್ಟು, 1942ರಲ್ಲಿ ಬಂದ 'ಫೈವ್ ಲಿಟಲ್ ಪಿಗ್ಸ್' ಅನ್ನು ಮೊದಲು ತೆಗೆದುಕೊಳ್ಳಿ ಎಂಬುದು ನನ್ನ ಸಲಹೆ. ಹದಿನಾರು ವರ್ಷಗಳ ಹಿಂದೆ ಅಮಿಯಸ್ ಕ್ರೇಲ್ ಎಂಬ ಚಿತ್ರಕಾರ ವಿಷದಿಂದ ಸತ್ತಿದ್ದಾನೆ. ಆತನ ಹೆಂಡತಿಗೆ ಶಿಕ್ಷೆಯಾಗಿ, ಆಕೆ ಸೆರೆಮನೆಯಲ್ಲೇ ತೀರಿಕೊಂಡಿದ್ದಾಳೆ. ಈಗ ಮದುವೆಯ ವಯಸ್ಸಿಗೆ ಬಂದಿರುವ ಮಗಳು ಪತ್ತೇದಾರ ಪಾಯ್ರೋ ಬಳಿ ಬಂದು, ನನ್ನ ತಾಯಿ ನಿರಪರಾಧಿಯೆಂದು ನಂಬಿದ್ದೇನೆ, ಸತ್ಯವೇನೆಂದು ತಿಳಿಸಿ ಎಂದು ಕೇಳುತ್ತಾಳೆ. ಬೆರಳಚ್ಚಾಗಲಿ ಹೆಜ್ಜೆಗುರುತಾಗಲಿ ಹೊಸದಾಗಿ ಸಿಗುವ ಸಂಭವವಿಲ್ಲ. ಅಂದು ಅಲ್ಲಿದ್ದ ಐವರು ತಮ್ಮ ನೆನಪಿನಿಂದ ಬರೆದುಕೊಟ್ಟ ಹೇಳಿಕೆಗಳಷ್ಟೇ ಪಾಯ್ರೋಗೆ ಆಧಾರ. ಒಂದೇ ದಿನದ ಘಟನೆಗಳನ್ನು ಐದು ಬಾರಿ ಓದುತ್ತೇವೆ, ಆದರೂ ಬೇಸರವಾಗುವುದಿಲ್ಲ, ಏಕೆಂದರೆ ಒಬ್ಬೊಬ್ಬರ ಹೇಳಿಕೆಯಲ್ಲಿಯೂ ಅವರವರ ಅಸೂಯೆ, ಅಕ್ಕರೆ, ಹಳೆಯ ಸಿಟ್ಟು ಬೆರೆತಿರುತ್ತದೆ. ಕಿವಿಗೆ ಬಿದ್ದ ಒಂದೇ ಮಾತನ್ನು ಇಬ್ಬರು ಬೇರೆಬೇರೆ ರೀತಿ ಅರ್ಥಮಾಡಿಕೊಂಡದ್ದು ಎಲ್ಲಿ ಎಂಬುದನ್ನು ಎರಡನೆಯ ಓದಿನಲ್ಲಿ ಹುಡುಕಿ ನೋಡಿ. 1926ರ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಅನ್ನು ಇದರ ನಂತರ ಓದಬಹುದು. ಆದರೆ ಅದರ ಮುನ್ನುಡಿಯನ್ನಾಗಲಿ ವಿಮರ್ಶೆಯನ್ನಾಗಲಿ ಮೊದಲೇ ನೋಡಬೇಡಿ, ಯಾರೊಂದಿಗೂ ಆ ಪುಸ್ತಕದ ಮಾತೆತ್ತಬೇಡಿ.

ಇತ್ತೀಚಿನ ಓದಿನಲ್ಲಿ ನನ್ನನ್ನು ಬಹುವಾಗಿ ಹಿಡಿದಿಟ್ಟದ್ದು ಜಪಾನಿನ ಸೈಚೊ ಮಾತ್ಸುಮೊಟೊ ಅವರ ಕಾದಂಬರಿ. ಪ್ರವಾಸದ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದು 1958ರಲ್ಲಿ ಪುಸ್ತಕವಾದ ಇದು, 2022ರಲ್ಲಿ 'ಟೋಕಿಯೊ ಎಕ್ಸ್‌ಪ್ರೆಸ್' ಎಂಬ ಹೆಸರಿನಲ್ಲಿ ಇಂಗ್ಲಿಷಿಗೆ ಹೊಸದಾಗಿ ಅನುವಾದಗೊಂಡಿದೆ. ಫುಕುವೊಕಾ ಬಳಿಯ ಕಾಶಿಯಿ ಕಡಲತೀರದಲ್ಲಿ ಒಬ್ಬ ಸರ್ಕಾರಿ ಅಧಿಕಾರಿ ಮತ್ತು ಹೋಟೆಲಿನಲ್ಲಿ ಬಡಿಸುವ ಕೆಲಸದ ಯುವತಿ ಪಕ್ಕಪಕ್ಕದಲ್ಲಿ ಸತ್ತುಬಿದ್ದಿದ್ದಾರೆ. ಪ್ರೇಮಿಗಳು ಒಟ್ಟಿಗೆ ವಿಷ ಕುಡಿದಿದ್ದಾರೆ ಎಂದು ಎಲ್ಲರೂ ಕಡತ ಮುಚ್ಚಲು ಸಿದ್ಧರಾಗುತ್ತಾರೆ. ತೊರಿಗಾಯಿ ಎಂಬ ವಯಸ್ಸಾದ ಪೊಲೀಸಿನವನೊಬ್ಬನಿಗೆ ಮಾತ್ರ ಸತ್ತವನ ಜೇಬಿನಲ್ಲಿ ಸಿಕ್ಕ ರೈಲಿನ ಊಟದ ಬೋಗಿಯ ರಸೀದಿ ಕಾಡತೊಡಗುತ್ತದೆ, ಏಕೆಂದರೆ ಅದರಲ್ಲಿ ಒಬ್ಬರಿಗೆ ಮಾತ್ರ ಊಟ ಎಂದು ಬರೆದಿದೆ. ಪ್ರೀತಿಸಿದವಳ ಜೊತೆ ಸಾಯಲು ಹೊರಟವನು ಒಬ್ಬನೇ ಹೋಗಿ ಊಟ ಮಾಡಿಕೊಂಡು ಬರುತ್ತಾನೆಯೇ? ಅವನು ಈ ಪ್ರಶ್ನೆಯನ್ನು ಮನೆಯಲ್ಲಿ ತನ್ನ ಮಗಳ ಮುಂದಿಡುತ್ತಾನೆ. ಹಸಿವಿಲ್ಲದಿದ್ದರೂ ಜೊತೆಗೆ ಹೋಗಿ ಕೂತಿರುತ್ತೇನೆ ಎಂಬುದು ಅವಳ ಉತ್ತರ. ಒಂದು ತುಂಡು ಕಾಗದ ಮತ್ತು ಒಂದು ಮನೆಮಾತು, ಇವೆರಡರಿಂದಲೇ ಇಡೀ ತನಿಖೆ ಚಿಗುರುತ್ತದೆ.

ಮುಂದೆ ಕಥೆ ಟೋಕಿಯೊ ನಿಲ್ದಾಣಕ್ಕೆ ಬರುತ್ತದೆ. ಹದಿಮೂರನೆಯ ಪ್ಲಾಟ್‌ಫಾರಂನಲ್ಲಿ ನಿಂತವರಿಗೆ ಹದಿನೈದನೆಯ ಪ್ಲಾಟ್‌ಫಾರಂನಲ್ಲಿ ನಿಂತ ರೈಲು ಕಾಣುವುದು, ನಡುವಿನ ಹಳಿಗಳಲ್ಲಿ ಬೇರೆ ಯಾವ ಗಾಡಿಯೂ ಇಲ್ಲದ ನಾಲ್ಕು ನಿಮಿಷಗಳ ಕಾಲ ಮಾತ್ರ, ಸಂಜೆ 5.57ರಿಂದ 6.01ರವರೆಗೆ. ಆ ನಾಲ್ಕು ನಿಮಿಷಗಳಲ್ಲಿ ಅಲ್ಲಿ ನಿಂತು ಆ ಜೋಡಿ ರೈಲು ಹತ್ತುವುದನ್ನು ಕಂಡ ಸಾಕ್ಷಿಗಳಿದ್ದಾರೆ. ಅದು ಕಾಕತಾಳೀಯವೇ ಅಥವಾ ಯಾರಾದರೂ ಅವರನ್ನು ಅಲ್ಲಿಗೆ ಕರೆತಂದು ನಿಲ್ಲಿಸಿದರೇ ಎಂಬುದು ಪ್ರಶ್ನೆ. ಕಾದಂಬರಿಯಲ್ಲಿ ಬರುವ ವೇಳಾಪಟ್ಟಿ ಆ ಕಾಲದ ನಿಜವಾದ ರೈಲ್ವೆ ವೇಳಾಪಟ್ಟಿಯೇ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ. ರೈಲಿನ ಸಮಯಗಳು ಹೆಚ್ಚಾಗಿ ಬರುವುದರಿಂದ ಪಕ್ಕದಲ್ಲಿ ಒಂದು ಹಾಳೆ ಇಟ್ಟುಕೊಂಡು, ಊರು ಮತ್ತು ಹೊತ್ತನ್ನು ಗುರುತು ಹಾಕಿಕೊಳ್ಳುತ್ತ ಓದಿ. ಪುಸ್ತಕವೂ ಚಿಕ್ಕದು.

ಜಪಾನಿನ ಇನ್ನೆರಡನ್ನು ಇದರ ಜೊತೆಗೆ ಸೇರಿಸಬಹುದು. ಕೈಗೊ ಹಿಗಾಶಿನೊ ಅವರ 'ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್' 2005ರದು, ಇಂಗ್ಲಿಷಿಗೆ 2011ರಲ್ಲಿ ಬಂತು. ಕೊಲೆ ಯಾರು ಮಾಡಿದರೆಂದು ಮೊದಲ ಅಧ್ಯಾಯದಲ್ಲೇ ತೋರಿಸಿಬಿಟ್ಟು, ನೆರೆಮನೆಯ ಗಣಿತದ ಮೇಷ್ಟ್ರು ಅದನ್ನು ಹೇಗೆ ಮುಚ್ಚಿಡುತ್ತಾರೆ ಎಂಬುದರ ಮೇಲೆ ಇಡೀ ಕಥೆಯನ್ನು ನಿಲ್ಲಿಸಿದ್ದಾರೆ. ಗುಟ್ಟು ಗೊತ್ತಿದ್ದೂ ಪುಟ ತಿರುಗಿಸುವಂತೆ ಮಾಡುವ ಆ ಧೈರ್ಯ ಅಪರೂಪದ್ದು. ಯುಕಿತೊ ಅಯಾತ್ಸುಜಿ ಅವರ 'ದಿ ಡೆಕಗನ್ ಹೌಸ್ ಮರ್ಡರ್ಸ್' ಒಗಟಾಗಿ ಅಚ್ಚುಕಟ್ಟಾಗಿದೆ, ಆದರೆ ದ್ವೀಪಕ್ಕೆ ಹೋಗುವ ವಿದ್ಯಾರ್ಥಿಗಳಲ್ಲಿ ಒಬ್ಬರೂ ಮನಸ್ಸಿನಲ್ಲಿ ಉಳಿಯುವುದಿಲ್ಲ. ಒಮ್ಮೆ ಓದಿದರೆ ಸಾಕು.

ಕರ್ನಾಟಕದವರಾದ ನಾವು ತಪ್ಪದೆ ಓದಬೇಕಾದ ಒಂದು ಹಳೆಯ ಇಂಗ್ಲಿಷ್ ಕಾದಂಬರಿ ಇದೆ. ವಿಲ್ಕಿ ಕಾಲಿನ್ಸ್ ಅವರ 'ದಿ ಮೂನ್‌ಸ್ಟೋನ್' 1868ರಲ್ಲಿ ಚಾರ್ಲ್ಸ್ ಡಿಕನ್ಸ್ ಅವರ ಪತ್ರಿಕೆಯಲ್ಲಿ ಜನವರಿಯಿಂದ ಆಗಸ್ಟ್‌ವರೆಗೆ ಧಾರಾವಾಹಿಯಾಗಿ ಬಂತು. ಅದರ ಪೀಠಿಕೆ ತೆರೆದುಕೊಳ್ಳುವುದೇ 1799ರ ಶ್ರೀರಂಗಪಟ್ಟಣದ ಪತನದೊಂದಿಗೆ. ಕೋಟೆ ಬಿದ್ದ ದಿನದ ಲೂಟಿಯಲ್ಲಿ ಹರ್ನ್‌ಕಾಸಲ್ ಎಂಬ ಬ್ರಿಟಿಷ್ ಅಧಿಕಾರಿ, ಟಿಪ್ಪುವಿನ ಕಠಾರಿಯ ಹಿಡಿಯಲ್ಲಿದ್ದ ಹಳದಿ ವಜ್ರವನ್ನು ಕೊಲೆ ಮಾಡಿ ಕದಿಯುತ್ತಾನೆ. ವಜ್ರವೂ ಆ ಅಧಿಕಾರಿಯೂ ಕಲ್ಪಿತ, ಆದರೆ ಕೋಟೆಯ ಪತನವೂ ಅದರ ನಂತರದ ಸುಲಿಗೆಯೂ ಇತಿಹಾಸ. ದಶಕಗಳ ನಂತರ ಆ ವಜ್ರ ಇಂಗ್ಲೆಂಡಿನ ಯುವತಿಯೊಬ್ಬಳಿಗೆ ಹುಟ್ಟುಹಬ್ಬದ ಉಡುಗೊರೆಯಾಗಿ ಬಂದು, ಅದೇ ರಾತ್ರಿ ಕಾಣೆಯಾಗುತ್ತದೆ. ಬ್ರಿಟಿಷರ ಮನೆಗೆ ಬಂದ ಈ ಸಂಕಟದ ಬೇರು ಬ್ರಿಟಿಷರೇ ಮಾಡಿದ ಕಳ್ಳತನದಲ್ಲಿದೆ ಎಂದು ಆ ಕಾಲದಲ್ಲಿ, ಅಲ್ಲಿಯ ಓದುಗರಿಗೇ ಹೇಳಿದ ಲೇಖಕನ ನೇರವಂತಿಕೆಯನ್ನು ನಾನು ತುಂಬ ಗೌರವಿಸುತ್ತೇನೆ.

ಇದರಲ್ಲಿ ಗಮನಿಸಬೇಕಾದ ಪ್ರಸಂಗ ಬಾಗಿಲಿನ ಬಣ್ಣದ್ದು. ಯುವತಿಯ ಕೋಣೆಯ ಬಾಗಿಲಿಗೆ ಹೊಸದಾಗಿ ಬಳಿದಿದ್ದ ಬಣ್ಣ ಒಂದು ಕಡೆ ಒರೆಸಿಹೋಗಿದೆ. ಸ್ಥಳೀಯ ಪೊಲೀಸ್ ಸೂಪರಿಂಟೆಂಡೆಂಟ್, ಅದು ಕೆಲಸದ ಹೆಂಗಸರ ಲಂಗ ತಾಗಿ ಆಗಿರಬೇಕು, ಕ್ಷುಲ್ಲಕ ಸಂಗತಿ ಎಂದು ತಳ್ಳಿಹಾಕುತ್ತಾನೆ. ಲಂಡನ್ನಿನಿಂದ ಬಂದ ಸಾರ್ಜೆಂಟ್ ಕಫ್ ಆ ಬಣ್ಣ ಒಣಗಲು ಎಷ್ಟು ಹೊತ್ತು ಬೇಕೆಂದು ವಿಚಾರಿಸುತ್ತಾನೆ. ಹನ್ನೆರಡು ಗಂಟೆ ಎಂದು ತಿಳಿದ ಮೇಲೆ, ಹೆಂಗಸರು ಅಲ್ಲಿ ಸೇರುವ ಎಷ್ಟೋ ಮೊದಲೇ ಬಣ್ಣ ಒಣಗಿತ್ತು, ಹಾಗಾದರೆ ಯಾರದೋ ಬಟ್ಟೆಗೆ ರಾತ್ರಿಯೇ ಅದು ಹತ್ತಿರಬೇಕು ಎಂದು ತರ್ಕಿಸುತ್ತಾನೆ. ಅಲ್ಲಿಂದ ಬಣ್ಣದ ಕಲೆಯಿರುವ ಬಟ್ಟೆಯ ಹುಡುಕಾಟ ಶುರುವಾಗುತ್ತದೆ. ಕಥೆಯನ್ನು ಹಲವರು ಸರದಿಯಂತೆ ಹೇಳುತ್ತಾರೆ. ಮೊದಲ ಭಾಗವನ್ನು ಹೇಳುವ ಹಿರಿಯ ಸೇವಕ ಬೆಟರೆಜ್ ನಿಧಾನಸ್ಥ, ಮಾತು ಆಗಾಗ ಬೇರೆಡೆಗೆ ಹರಿಯುತ್ತದೆ. ಅಲ್ಲಿ ಪುಸ್ತಕ ಕೆಳಗಿಡಬೇಡಿ, ಅವನು ಸುಮ್ಮನೆ ಹೇಳಿದಂತೆ ಕಾಣುವ ಸಂಗತಿಗಳು ಮುಂದೆ ಕೆಲಸಕ್ಕೆ ಬರುತ್ತವೆ. ಹಕ್ಕುಸ್ವಾಮ್ಯದ ಅವಧಿ ಮುಗಿದಿರುವುದರಿಂದ ಪ್ರಾಜೆಕ್ಟ್ ಗುಟೆನ್‌ಬರ್ಗ್ ಜಾಲತಾಣದಲ್ಲಿ ಉಚಿತವಾಗಿಯೇ ಸಿಗುತ್ತದೆ.

ಇನ್ನು ತಮ್ಮ ತಾಯಿಯವರ ಓದು. ಅವರ ಪೀಳಿಗೆಯವರು ಎನ್. ನರಸಿಂಹಯ್ಯನವರ ಹೆಸರನ್ನು ಕೇಳದೆ ಇರಲಾರರು. ನಾಲ್ಕನೆಯ ತರಗತಿಯವರೆಗಷ್ಟೇ ಓದಿದ್ದ ಅವರು ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿಗಳನ್ನು ಬರೆದರು. ಪತ್ತೇದಾರ ಪುರುಷೋತ್ತಮನಿಗಾಗಿ ಬಾಡಿಗೆ ಗ್ರಂಥಾಲಯಗಳಲ್ಲಿ ಸರದಿ ಕಾದವರು ಎಷ್ಟೋ ಮಂದಿ. ನನ್ನ ಮರುಓದಿನ ಪರೀಕ್ಷೆಯಲ್ಲಿ ಆ ಪುಸ್ತಕಗಳೆಲ್ಲ ಗೆಲ್ಲುವುದಿಲ್ಲ, ನಿಜ. ಆದರೆ ಪುಸ್ತಕದ ಅಭ್ಯಾಸವೇ ಇಲ್ಲದಿದ್ದವರನ್ನು ಕನ್ನಡದ ಓದಿಗೆ ತಂದದ್ದರಲ್ಲಿ ಅವರ ಪಾಲು ದೊಡ್ಡದು, ಅದನ್ನು ಯಾರೂ ಕಡಿಮೆ ಮಾಡಿ ಹೇಳಬಾರದು. ಹಳೆಯ ಪ್ರತಿಗಳಿಗಾಗಿ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಪುಸ್ತಕದ ಅಂಗಡಿಗಳಲ್ಲಿ ಒಮ್ಮೆ ವಿಚಾರಿಸಿ.

ತಾಯಿಯವರಿಗೆ ನಾನು ಮೊದಲು ಕೊಡುವುದು ಪೂರ್ಣಚಂದ್ರ ತೇಜಸ್ವಿಯವರ 'ಜುಗಾರಿ ಕ್ರಾಸ್'. ಏಲಕ್ಕಿ ಮಾರಲು ಹೊರಟ ಸುರೇಶ ಮತ್ತು ಗೌರಿ ಎಂಬ ಗಂಡಹೆಂಡಿರ ಸುತ್ತ ಒಂದೇ ದಿನದೊಳಗೆ ಕಥೆ ಸುತ್ತಿಕೊಳ್ಳುತ್ತದೆ. ಹಳಗನ್ನಡದ ಒಂದು ಕೃತಿಯೊಳಗಿನ ಗೂಢಾರ್ಥವೂ ಕಾಡಿನ ಕಳ್ಳವ್ಯವಹಾರವೂ ಅದರಲ್ಲಿ ಬೆಸೆದುಕೊಂಡಿವೆ. ಅದಾದ ಮೇಲೆ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಚಿದಂಬರ ರಹಸ್ಯ'ವನ್ನು ಕೊಡಿ. ಏಲಕ್ಕಿ ಸಂಶೋಧನೆಯಲ್ಲಿದ್ದ ಜೋಗಿಹಾಳರಂಥ ವಿಜ್ಞಾನಿಯ ಸಾವು, ಕುಸಿಯುತ್ತಿರುವ ಏಲಕ್ಕಿ ಬೆಳೆ, ತನಿಖೆಗೆಂದು ಕೆಸರೂರಿಗೆ ಬರುವ ಅಧಿಕಾರಿ ಎಂದು ಪತ್ತೇದಾರಿಯ ಹಾದಿಯಲ್ಲೇ ಹೊರಡುವ ಕಾದಂಬರಿ, ನಿಧಾನವಾಗಿ ಇಡೀ ಊರನ್ನೇ ಶಂಕಿತರ ಸಾಲಿನಲ್ಲಿ ನಿಲ್ಲಿಸುತ್ತದೆ. ಒಬ್ಬ ಅಪರಾಧಿಗಾಗಿ ಕಾಯುವ ಓದುಗರಿಗೆ ಇದು ಅಸಮಾಧಾನ ತರಬಹುದು. ಆದರೂ ಮಲೆನಾಡಿನ ಒಂದು ಊರಿನೊಳಗೆ ಸಂಶಯ ಹೇಗೆ ಹಬ್ಬುತ್ತದೆ ಎಂಬುದನ್ನು ಇಷ್ಟು ಚೆನ್ನಾಗಿ ಹೇಳಿದ ಇನ್ನೊಂದು ಪುಸ್ತಕವನ್ನು ನಾನು ಓದಿಲ್ಲ.

ಇತಿಹಾಸದ ಒಲವಿದ್ದರೆ ಕೃಷಿ ವಿಜ್ಞಾನಿ ಕೆ. ಎನ್. ಗಣೇಶಯ್ಯನವರ 'ಕನಕ ಮುಸುಕು' ಒಳ್ಳೆಯ ಆರಂಭ. ಅಮೆರಿಕ ಖಂಡದ ಬೆಳೆಯಾದ ಮುಸುಕಿನ ಜೋಳವನ್ನು ಹೋಲುವ ತೆನೆ, ಕೊಲಂಬಸನಿಗಿಂತ ಹಿಂದಿನ ಹೊಯ್ಸಳ ಶಿಲ್ಪಗಳ ಕೈಯಲ್ಲಿ ಹೇಗೆ ಬಂತು ಎಂಬ, ವಿದ್ವಾಂಸರು ನಿಜವಾಗಿಯೂ ವಾದಿಸಿರುವ ಪ್ರಶ್ನೆಯನ್ನು ಹಿಡಿದು ಅವರು ರೋಚಕ ಕಥೆ ಕಟ್ಟಿದ್ದಾರೆ. ಪಾತ್ರಗಳು ಆಗಾಗ ಉಪನ್ಯಾಸ ಕೊಡುತ್ತವೆ, ಆದರೆ ಓದಿದ ಮೇಲೆ ಸೋಮನಾಥಪುರಕ್ಕೆ ಹೋಗಿ ಆ ಶಿಲ್ಪಗಳನ್ನು ಕಣ್ಣಾರೆ ನೋಡಬೇಕೆನಿಸುತ್ತದೆ. ಬೆಂಗಳೂರಿನದೇ ಕಥೆ ಬೇಕೆಂದರೆ, ಅನಿತಾ ನಾಯರ್ ಅವರು ಇಂಗ್ಲಿಷಿನಲ್ಲಿ ಬರೆದ 'ಕಟ್ ಲೈಕ್ ವೂಂಡ್' ಇದೆ. ಇನ್‌ಸ್ಪೆಕ್ಟರ್ ಬೋರೇಗೌಡನ ಶಿವಾಜಿನಗರ ಬಹಳ ನಿಜವಾಗಿದೆ, ಹಿಂಸೆಯ ವಿವರಗಳೂ ಹಾಗೆಯೇ ಇರುವುದರಿಂದ ಅದನ್ನು ತಾವು ಮೊದಲು ಓದಿ, ಮನೆಯಲ್ಲಿ ಉಳಿದವರಿಗೆ ಕೊಡುವ ವಿಚಾರವನ್ನು ಆಮೇಲೆ ಮಾಡಿ.

ಓದುವ ಕ್ರಮದ ಬಗ್ಗೆ ಎರಡು ಮಾತು. ಪರಭಾಷೆಯ ಹೆಸರುಗಳು ಗೊಂದಲ ಮಾಡುತ್ತವೆ. ಮೊದಲ ಮೂರು ಅಧ್ಯಾಯಗಳನ್ನು ಒಂದೇ ಕೂತಲ್ಲಿ ಓದಿ, ಯಾರು ಯಾರಿಗೆ ಏನಾಗಬೇಕು ಎಂದು ಬರೆದಿಟ್ಟುಕೊಂಡರೆ ಮುಂದೆ ತೊಡಕಾಗುವುದಿಲ್ಲ. ತನಿಖೆ ಮುಗಿದು, ಪತ್ತೇದಾರ ಎಲ್ಲರನ್ನೂ ಒಂದೆಡೆ ಸೇರಿಸುವ ಹಂತಕ್ಕೆ ಬಂದಾಗ ಪುಸ್ತಕ ಮಡಚಿ, ತಮ್ಮ ಊಹೆಯನ್ನೂ ಅದಕ್ಕೆ ಕಾರಣವಾದ ಸುಳಿವನ್ನೂ ಬರೆದಿಡಿ. ಊಹೆ ಸರಿಯೋ ತಪ್ಪೋ, ಲೇಖಕರು ನ್ಯಾಯವಾಗಿ ಆಡಿದ್ದಾರೆಯೇ ಎಂಬುದು ಆ ಟಿಪ್ಪಣಿಯಿಂದಲೇ ತಿಳಿಯುತ್ತದೆ. ಬಳಗದಲ್ಲಿ ಬರೆಯುವಾಗ ಮೊದಲ ಸಾಲಿನಲ್ಲಿ ಪುಸ್ತಕದ ಹೆಸರನ್ನೂ 'ಓದಿದವರಿಗೆ ಮಾತ್ರ' ಎಂಬ ಸೂಚನೆಯನ್ನೂ ಹಾಕುವುದನ್ನು ಎಲ್ಲರೂ ರೂಢಿಸಿಕೊಳ್ಳಬೇಕೆಂದು ವಿನಂತಿ. ಒಬ್ಬರ ಅಜಾಗರೂಕ ಸಾಲಿನಿಂದ ನೂರು ಜನರ ಮೊದಲ ಓದು ಹಾಳಾದರೆ ಅದನ್ನು ಮರಳಿ ಕೊಡಲಾಗುವುದಿಲ್ಲ.

ಕಡೆಯದಾಗಿ ಮಗನ ಓದು. ಸತ್ಯಜಿತ್ ರಾಯ್ ಅವರ, ಫೆಲುದಾ ಎಂಬ ಪತ್ತೇದಾರನ ಕಥೆಗಳನ್ನು ಕೊಡಿ. 1965ರಲ್ಲಿ, ರಾಯ್ ಅವರ ತಾತ ಆರಂಭಿಸಿದ್ದ 'ಸಂದೇಶ್' ಎಂಬ ಮಕ್ಕಳ ಪತ್ರಿಕೆಯಲ್ಲಿ ಇವು ಶುರುವಾದವು. ಮಕ್ಕಳಿಗೆಂದೇ ಬರೆದದ್ದರಿಂದ ರಕ್ತಪಾತವನ್ನು ಮುಂದೆ ಮಾಡುವುದಿಲ್ಲ, ಬುದ್ಧಿಗೆ ಕೆಲಸ ಕೊಡುವುದರಲ್ಲಿ ಮಾತ್ರ ರಿಯಾಯಿತಿ ಇಲ್ಲ. ಕಥೆ ಹೇಳುವ ತೊಪ್ಶೆ ಹೆಚ್ಚುಕಡಿಮೆ ತಮ್ಮ ಮಗನ ವಯಸ್ಸಿನ ಹುಡುಗ. ಗೋಪಾ ಮಜುಂದಾರ್ ಅವರ ಇಂಗ್ಲಿಷ್ ಅನುವಾದ ಸರಳವಾಗಿದೆ. ರಾಜಸ್ಥಾನದಲ್ಲಿ ನಡೆಯುವ 'ಸೋನಾರ್ ಕೆಲ್ಲಾ' ಕಥೆಯನ್ನು ಮೊದಲು ಕೊಡಿ, ಏಕೆಂದರೆ ಮುಂದಿನ ಕಥೆಗಳಲ್ಲಿ ಜೊತೆಗಿರುವ ಲಾಲ್‌ಮೋಹನ್ ಬಾಬು ಫೆಲುದಾಗೂ ತೊಪ್ಶೆಗೂ ಪರಿಚಯವಾಗುವುದು ಆ ರೈಲಿನ ಪ್ರಯಾಣದಲ್ಲೇ. ಅದು ಅವನಿಗೆ ಹಿಡಿಸಿದರೆ ಬರೆದು ತಿಳಿಸಿ, ಮುಂದಿನವುಗಳ ಕ್ರಮವನ್ನು ಇಲ್ಲಿಯೇ ಬರೆಯುತ್ತೇನೆ.